ಕೆಂಪು ಶಾಯಿಯ ಹೊಟ್ಟೆ

ಪತ್ರಿಕೆಯ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಕರಡು ತಿದ್ದಿದ ಆ ಮನುಷ್ಯನಿಗೆ ಜೊತೆಯವರು ಇಟ್ಟ ಹೆಸರು ಕೆಂಪು ಶಾಯಿ. ವರದಿಗಾರರು ಬರೆದು ತಂದದ್ದರಲ್ಲಿ ಮೂಗು ಮುಚ್ಚಿಕೊಳ್ಳುವಂಥ ಪದ ಒಂದೇ ಒಂದು ಇದ್ದರೂ ಸಾಕು, ಅವನ ಪೆನ್ನು ಅದರ ನೆತ್ತಿಯ ಮೇಲೆ ಹೋಗಿ ಕೂರುತ್ತಿತ್ತು. ಚರಂಡಿ ಕಟ್ಟಿಕೊಂಡ ಸುದ್ದಿಯಲ್ಲಿ ಯಾರೋ ‘ಹೇಲು’ ಎಂದು ಬರೆದಿದ್ದಕ್ಕೆ ಅದನ್ನು ಹೊಡೆದು ‘ತ್ಯಾಜ್ಯ’ ಮಾಡಿ, ಬರೆದವನನ್ನು ಕರೆಸಿ ಕಾಲು ಗಂಟೆ ಬುದ್ಧಿ ಹೇಳಿದ್ದ. ಮನೆಯಲ್ಲೂ ಅದೇ ಕಾನೂನು. ಮಗಳು ಕೂಸಾಗಿದ್ದಾಗ ಬಟ್ಟೆ ಬದಲಿಸುತ್ತ ಹೆಂಡತಿ ಏನಾದರೂ ಅಂದರೆ, “ಬೇರೆ ಮಾತೇ ಸಿಗ್ಲಿಲ್ವಾ ನಿಂಗೆ?” ಎಂದು ಎದ್ದು ಹೋಗುತ್ತಿದ್ದ. ಮಗಳು ಬೆಳೆದು ಮದುವೆಯಾಗಿ ಹೋದಳು. ಅಷ್ಟು ವರ್ಷ ಆ ಮನೆಯಲ್ಲಿ ಯಾರಿಗೂ ಕರುಳು ಎಂಬುದು ಇದ್ದ ಸುಳಿವೇ ಇರಲಿಲ್ಲ.

ಇಂಥವನಿಗೆ ಕಾಗದದ ಕಟ್ಟು ಎತ್ತಲು ಹೋಗಿ ತೊಡೆಸಂದಿಯಲ್ಲಿ ಗಂಟು ಎದ್ದಿತು. ಹರ್ನಿಯಾ ಎಂದರು. ಬಿಳಿ ಮೀಸೆಯ ಸರ್ಜನ್ ಎರಡು ಬೆರಳಲ್ಲಿ ಒತ್ತಿ ನೋಡಿ, “ಸಣ್ಣ ಆಪರೇಷನ್ ರೀ. ಇವತ್ತು ಮಲಗಿ, ನಾಡಿದ್ದು ಮನೆಗೆ ಹೋಗಿ” ಎಂದರು. ಆಪರೇಷನ್ ಸುಸೂತ್ರವಾಗಿಯೇ ಮುಗಿಯಿತು. ಎಡವಟ್ಟಾದದ್ದು ಮರುದಿನ ಬೆಳಿಗ್ಗೆ.

ಔಷಧಿಯ ಗಾಡಿ ತಳ್ಳಿಕೊಂಡು ಬಂದ ನರ್ಸು ಮಂಚದ ಬುಡದಲ್ಲಿ ನಿಂತು, “ಯಜಮಾನ್ರೇ, ಹೂಸು ಬಿಟ್ರಾ?” ಎಂದು ವಾರ್ಡಿನ ಕೊನೆಯ ಮಂಚಕ್ಕೂ ಮುಟ್ಟುವಂತೆ ಕೇಳಿದಳು.

ಅವನ ಕಿವಿ ಬಿಸಿಯಾಯಿತು. ಪಕ್ಕದ ಮಂಚದಲ್ಲಿ ಅಪೆಂಡಿಕ್ಸ್ ತೆಗೆಸಿಕೊಂಡು ಮಲಗಿದ್ದ ಲಾರಿ ಡ್ರೈವರ್, ಕೇಳಿದ್ದು ತನ್ನನ್ನೇ ಎಂಬಂತೆ, “ನಂದು ಬೆಳಿಗ್ಗೆನೇ ಹೊರಟ್ಹೋಯ್ತು ಸಿಸ್ಟರ್, ಹಾರ್ನ್ ಹೊಡ್ಕೊಂಡು!” ಎಂದ. ಕೆಂಪು ಶಾಯಿಯ ಹೆಂಡತಿ ಕಿಟಕಿಯ ಕಡೆ ತಿರುಗಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ಅವನಿಗೆ ಆ ಹೆಂಗಸಿನ ಬಾಯಿ, ಈ ಗಂಡಸಿನ ನಗು, ಫಿನಾಯಿಲಿನ ಅಡಿಯಿಂದ ಏಳುತ್ತಿದ್ದ ಉಚ್ಚೆಯ ನಾತ, ಎಲ್ಲವೂ ಸೇರಿ ಹೇಸಿಗೆ ಹುಟ್ಟಿತು. ಒಮ್ಮೆ ಈ ಮಾತು ಮುಗಿದರೆ ಸಾಕಾಗಿತ್ತು.

“ಹ್ಞೂಂ” ಎಂದ.

“ಎಷ್ಟ್ ಸಲ?”

“ಎರಡು.”

ನರ್ಸು ಹಾಳೆಯ ಮೇಲೆ ಬರೆದುಕೊಂಡಳು. “ಹಾಗಾದ್ರೆ ತಿನ್ನಕ್ಕೆ ಶುರು ಮಾಡ್ಬೋದು” ಎಂದು ಮುಂದಕ್ಕೆ ಹೋದಳು. ಎರಡಲ್ಲ, ಅರ್ಧವೂ ಹೋಗಿರಲಿಲ್ಲ. ಇಡೀ ಜೀವಮಾನ ಬೇರೆಯವರ ತಪ್ಪು ಹುಡುಕಿದವನು ತನ್ನ ಹಾಳೆಯ ಮೇಲೆ ತಾನೇ ಒಂದು ತಪ್ಪು ಬರೆಸಿ, ಹೆಂಡತಿ ಅದ್ದಿ ಅದ್ದಿ ಕೊಟ್ಟ ಹಾಲು ಬ್ರೆಡ್ಡು ತಿಂದ. ಮಧ್ಯಾಹ್ನ ಮೊಟ್ಟೆಯನ್ನೂ ತಿಂದ.

ಸಂಜೆಗೆ ಹೊಟ್ಟೆ ಬಿಗಿಯಿತು. ಬೆರಳಲ್ಲಿ ತಟ್ಟಿದರೆ ಖಾಲಿ ಡಬ್ಬದ ಸದ್ದು. ತೇಗು ಬಂದಾಗಲೆಲ್ಲ ಮಧ್ಯಾಹ್ನದ ಮೊಟ್ಟೆ ಕೊಳೆತ ವಾಸನೆಯಾಗಿ ಗಂಟಲಿನವರೆಗೆ ಬಂದು, ಬಾಯೊಳಗೆ ಸುತ್ತು ಹೊಡೆದು, ಮತ್ತೆ ಇಳಿಯುತ್ತಿತ್ತು. ತನ್ನ ಬಾಯಿಯ ಗಾಳಿಗೆ ತಾನೇ ಮುಖ ಸಿಂಡರಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ. ಗೋಡೆಯ ಮೇಲೆ ಹಿಂದೆ ಮಲಗಿದ್ದ ಯಾರೋ ಮೂಗಿನ ಸಿಂಬಳ ಒರೆಸಿದ ಗುರುತಿತ್ತು.

ಮರುದಿನ ಬೆಳಿಗ್ಗೆ ಹೆಂಡತಿ ಬಗ್ಗಿ ದಿಂಬು ಸರಿ ಮಾಡುತ್ತಿದ್ದಾಗ ಅದು ಬಂತು. ಬೋಗುಣಿ ಹಿಡಿಯಲು ಪುರಸೊತ್ತು ಕೊಡಲಿಲ್ಲ. ಹಸಿರೂ ಅಲ್ಲದ ಕಂದೂ ಅಲ್ಲದ ನೀರು ಬಾಯಿಂದ, ಮೂಗಿನಿಂದ ಧುಮುಕಿ ಅವಳ ತೋಳು, ಎದೆ, ಹಾಸಿಗೆ ಎಲ್ಲ ತೋಯಿಸಿತು. ಅದರಲ್ಲಿ ಬ್ರೆಡ್ಡಿನ ಚೂರುಗಳು ಹಾಗೆಯೇ ಇದ್ದವು. ವಾಸನೆ ವಾಂತಿಯದಲ್ಲ, ಅದಕ್ಕಿಂತ ಕೆಳಗಿನದು. ಆ ವಾಸನೆಯ ಹೆಸರು ಅವನಿಗೆ ಗೊತ್ತಿತ್ತು, ಎಷ್ಟೋ ಸಲ ಹೊಡೆದು ಹಾಕಿದ್ದ ಪದ ಅದು. ಅದು ಈಗ ಅವನ ನಾಲಿಗೆಯ ಮೇಲೆಯೇ ಕೂತಿತ್ತು. ಉಗಿದಷ್ಟೂ ಹೋಗಲಿಲ್ಲ. ಹೆಂಡತಿ ಮಾತ್ರ ಬರಿಗೈಯಲ್ಲೇ ಅವನ ಮೂಗಿನ ಹೊಳ್ಳೆ ಒರೆಸಿದಳು, ಗದ್ದ ಒರೆಸಿದಳು, ಕೈಯಲ್ಲೇ ಬಾಚಿ ಬಕೆಟ್ಟಿಗೆ ಹಾಕಿದಳು. ಅವಳ ಬೆರಳುಸಂದಿಯಲ್ಲಿ ಅದು ಇಳಿಯುವುದನ್ನು ನೋಡಲಾಗದೆ ಅವನು ಕಣ್ಣು ಮುಚ್ಚಿದ.

ಮೂಗಿನ ಮೂಲಕ ಹೊಟ್ಟೆಗೆ ಕೊಳವೆ ಇಳಿಸಿದರು. ಅದರ ಇನ್ನೊಂದು ತುದಿಯ ಚೀಲ ಕಣ್ಣೆದುರಿಗೇ ತೂಗಾಡುತ್ತ, ಅದೇ ನೀರಿನಿಂದ ನಿಧಾನವಾಗಿ ತುಂಬುತ್ತ ಹೋಯಿತು. ಎಕ್ಸ್-ರೇ ತೆಗೆಸಿದರು. ಒಂಬತ್ತು ಗಂಟೆಗೆ ಸರ್ಜನ್ ಬಂದು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ಹಾಳೆ ಓದಿದರು.

“ಮೊದಲ್ನೇ ದಿನ ಎರಡು ಸಲ ಗಾಳಿ ಹೋಗಿದೆ. ಆಮೇಲೆ ನಿಂತುಬಿಟ್ಟಿದೆ. ಕರುಳು ಒಂದ್ಸಲ ಎದ್ದು ಕೆಲಸ ಶುರು ಮಾಡಿ ಮತ್ತೆ ನಿಂತಿದೆ ಅಂದ್ರೆ ಎಲ್ಲೋ ಸಿಕ್ಕಿಹಾಕ್ಕೊಂಡಿದೆ. ಹನ್ನೊಂದಕ್ಕೆ ಹೊಟ್ಟೆ ತೆರೆದು ನೋಡೋಣ.”

“ಇನ್ನೊಂದಿನ ಕಾದ್ರೆ ಆಗಲ್ವಾ ಸಾರ್?” ಹೆಂಡತಿ ಕೇಳಿದಳು.

“ಗಾಳಿ ಹೋಗೇ ಇಲ್ಲ ಅಂತಿದ್ರೆ ಕಾಯ್ತಿದ್ದೆ ಅಮ್ಮ. ಕರುಳು ಇನ್ನೂ ಎದ್ದಿಲ್ಲ, ಏಳುತ್ತೆ ಬಿಡು ಅಂತ. ಆದ್ರೆ ಹೋಗಿದೆಯಲ್ಲ, ಅವರೇ ಹೇಳಿದ್ದಾರೆ. ಕಾದು ಕರುಳು ಕೊಳೆತ್ರೆ ಕಷ್ಟ.”

ಸರ್ಜನ್ ಮುಂದಿನ ಮಂಚಕ್ಕೆ ಹೋದರು. ಕೆಂಪು ಶಾಯಿ ಅವರ ಬೆನ್ನನ್ನೇ ನೋಡಿದ. ಎರಡು ಎಂದು ಸುಮ್ಮನೆ ಉದುರಿಸಿದ ಒಂದು ಪದಕ್ಕೆ ಹೊಟ್ಟೆಯನ್ನು ಉದ್ದಕ್ಕೆ ಸೀಳುತ್ತಾರೆ! ಹೇಳಲೇಬೇಕು. ಹಾಗಂತ ಬಾಯಿಗೆ ಬಂದದ್ದನ್ನು ಹೇಳಿಬಿಡಲು ಅವನೇನು ಲಾರಿ ಡ್ರೈವರನೇ? ನರ್ಸನ್ನು ಸನ್ನೆ ಮಾಡಿ ಕರೆದು, ಗಂಟಲಲ್ಲಿ ಕೊಳವೆ ಉಜ್ಜುತ್ತಿದ್ದರೂ ಗಂಭೀರವಾಗಿ ಶುರುಮಾಡಿದ: “ವಾಯು... ವಾಯುವಿನ ವಿಚಾರದಲ್ಲಿ...”

“ಗಾಳಿ ಸಾಲ್ತಿಲ್ವಾ? ಏ, ಆಕ್ಸಿಜನ್ ತನ್ನಿ!”

ಮುಖಕ್ಕೆ ಮಾಸ್ಕ್ ಬಂದು ಕೂತಿತು. ರಬ್ಬರಿನ ವಾಸನೆಗೆ ಇನ್ನೊಮ್ಮೆ ವಾಕರಿಕೆ ಬಂತು. ಕಿತ್ತು ಪಕ್ಕಕ್ಕೆ ಎಸೆದು, “ಅದಲ್ಲಮ್ಮ... ವಿಸರ್ಜನೆ... ವಿಸರ್ಜನೆ ಆಗಿ...” ಎಂದ.

“ಬೆಡ್‌ಪ್ಯಾನ್ ಬೇಕಂತೆ” ಎಂದಳು ನರ್ಸು ಆಯಾಳಿಗೆ.

ಆಯಾ ಬಂದು ಹೊದಿಕೆ ಸರಿಸಿ, ಅವನ ಸೊಂಟ ಎತ್ತಿ, ತಣ್ಣಗಿನ ಉಕ್ಕಿನ ಪ್ಯಾನನ್ನು ಕೆಳಗೆ ತಳ್ಳಿದಳು. ಹಿಂದಿನವರದ್ದು ಸರಿಯಾಗಿ ತೊಳೆದಿರಲಿಲ್ಲ. ಅಂಚಿನಲ್ಲಿ ಏನೋ ಅಂಟಂಟು ತಾಗಿತು. ಅವನ ಕಣ್ಣಲ್ಲಿ ನೀರು ಬಂತು. ಅದರ ಮೇಲೆಯೇ ಕೂರಿಸಿ ಎಲ್ಲರೂ ಹೋದರು. ಅಷ್ಟರಲ್ಲಿ ಆಪರೇಷನ್ ಥಿಯೇಟರಿನವನು ಟ್ರಾಲಿ ತಂದು ನಿಲ್ಲಿಸಿ, ಸೋಪಿನ ನೊರೆ ಕಲಸಿ, ಊದಿದ ಹೊಟ್ಟೆಯ ಮೇಲೆ ರೇಜರ್ ಇಟ್ಟ. ಬಾಗಿಲ ಹತ್ತಿರದ ಮೇಜಿನಲ್ಲಿ ಹೆಂಡತಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಪೆನ್ನು ಎತ್ತಿಕೊಂಡಿದ್ದಳು.

“ಹೂಸು!” ಎಂದು ಕೆಂಪು ಶಾಯಿ ಕೂಗಿದ.

ರೇಜರಿನವನು ಕೈ ಹಿಂದಕ್ಕೆಳೆದುಕೊಂಡ.

“ಹೂಸು ಬಿಟ್ಟಿಲ್ಲ ನಾನು! ಒಂದೂ ಬಿಟ್ಟಿಲ್ಲ! ಸುಳ್ಳು ಹೇಳಿದ್ದೆ!”

ಲಾರಿ ಡ್ರೈವರ್ ಹೊಲಿಗೆ ಹಿಡಿದುಕೊಂಡು, “ಅಯ್ಯೋ ನಗಿಸ್ಬೇಡಿ ಸಾರ್, ಬಿಚ್ಕೊಳ್ಳುತ್ತೆ!” ಎಂದು ಉರುಳಾಡಿದ. ಸರ್ಜನ್ ಎರಡು ಹೆಜ್ಜೆಯಲ್ಲಿ ವಾಪಸು ಬಂದರು.

“ಒಂದೂ ಇಲ್ವಾ?”

“ಇಲ್ಲ ಸಾರ್.”

“ಮತ್ಯಾಕ್ರೀ ಎರಡು ಅಂದ್ರಿ?”

“ಹೇಗೆ ಹೇಳೋದು ಸಾರ್, ಎಲ್ರೂ ಕೇಳಿಸ್ಕೊಳ್ತಿದ್ರು... ಅಸಹ್ಯ ಅನಿಸ್ತು.”

ಸರ್ಜನ್ ಸ್ಟೆತಸ್ಕೋಪನ್ನು ಹೊಟ್ಟೆಯ ನಾಲ್ಕು ಮೂಲೆಗೂ ಇಟ್ಟು ಕೇಳಿದರು. ಎಕ್ಸ್-ರೇಯನ್ನು ಮತ್ತೆ ಎತ್ತಿ ಹಿಡಿದು ನೋಡಿದರು. ರೇಜರಿನವನಿಗೆ ಕೈ ಸನ್ನೆ ಮಾಡಿ ಕಳಿಸಿದರು. “ನಾಳೆ ಸಂಜೆವರೆಗೆ ಬಾಯಿಗೆ ಏನೂ ಹಾಕ್ಬೇಡಿ. ಎಬ್ಬಿಸಿ ಓಡಾಡ್ಸಿ. ಅಷ್ಟರೊಳಗೆ ಕರುಳು ಏಳಲಿಲ್ಲ ಅಂದ್ರೆ ತೆರೆಯೋದೇ” ಎಂದು ಹಾಳೆಯ ಮೇಲಿನ ‘ಎರಡು’ ಹೊಡೆದು ಹಾಕಿ ಸೊನ್ನೆ ಬರೆದರು.

ಹೆಂಡತಿ ಬಂದು ಸ್ಟೂಲಿನ ಮೇಲೆ ಕೂತಳು. ಅವಳೂ ನಗುತ್ತಾಳೆ ಎಂದುಕೊಂಡಿದ್ದ. ನಗಲಿ ಎಂದೂ ಅನ್ನಿಸಿತ್ತು. ಅವಳು ಅರ್ಧ ಸಹಿಯಾಗಿದ್ದ ಕಾಗದವನ್ನು ಮಡಿಸುತ್ತ, ಅವನ ಮುಖ ನೋಡದೆ ಹೇಳಿದಳು:

“ಬೆಳಿಗ್ಗೆ ನಿಮ್ಮ ವಾಂತಿ ಬಾಚಿದ್ನಲ್ಲ ರೀ, ಆಗ ನಂಗೆ ಹೇಸಿಗೆ ಆಗ್ಲಿಲ್ಲ. ಈಗ ಆಗ್ತಿದೆ.”

ಕೆಳಗಿದ್ದ ಪ್ಯಾನನ್ನು ತೆಗೆಯಲು ಯಾರಿಗೂ ನೆನಪಾಗಲಿಲ್ಲ, ಅವನೂ ಕೇಳಲಿಲ್ಲ.

ಆ ದಿನ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆಯಿಂದ ಚೀಲ ತೂಗಿಹಾಕಿದ ಕಂಬವನ್ನು ತಳ್ಳಿಕೊಂಡು ಕಾರಿಡಾರಿನಲ್ಲಿ ಹೋಗಿ ಬಂದು ಮಾಡಿದ. ಹೆಂಡತಿ ಜೊತೆಗೇ ನಡೆದಳು, ಕಂಬ ಹಿಡಿದಳು, ಅವನ ಕೈ ಹಿಡಿಯಲಿಲ್ಲ. ಹೊಟ್ಟೆಯಲ್ಲಿ ಹಿಡಿದು ತಿರುಚಿದಂತೆ ನೋವು ಬರುತ್ತಿತ್ತು, ಹೋಗುತ್ತಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದಾಗ ಒಳಗೆ ಏನೋ ಗುಳುಗುಳು ಎಂದು ಹೊರಳಿ, ದಾರಿ ಮಾಡಿಕೊಂಡು ಇಳಿದು, ಬೆಚ್ಚಗೆ, ಸದ್ದೇ ಇಲ್ಲದೆ ಹೊರಗೆ ಹೋಯಿತು. ಪಕ್ಕದ ಮಂಚದಿಂದ ತುಂಬಿದ ಪ್ಯಾನನ್ನು ಆಗಷ್ಟೇ ಎತ್ತಿಕೊಂಡು ಹೋಗಿದ್ದರಿಂದ ವಾಸನೆಯೂ ಸಾಕ್ಷಿ ಹೇಳುವಂತಿರಲಿಲ್ಲ.

“ಹೋಯ್ತು ಕಣೇ!” ಅವನು ಎದ್ದು ಕೂತುಬಿಟ್ಟ. “ಹೂಸು ಹೋಯ್ತು!”

ಹೆಂಡತಿ ಲೋಟ ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು. ಅವನ ಮುಖವನ್ನು ಒಂದು ನಿಮಿಷ ದಿಟ್ಟಿಸಿ ನೋಡಿದಳು.

“ನಿಜಾನಾ?”

“ನಿಜ ಕಣೇ. ನಿನ್ನಾಣೆ.”

“ಆಣೆ ಗೀಣೆ ಬೇಡ. ಸಿಸ್ಟರನ್ನ ಕರ್ಕೊಂಡ್ ಬರ್ತೀನಿ. ಅವರು ಸ್ಟೆತಸ್ಕೋಪ್ ಹೊಟ್ಟೆ ಮೇಲಿಟ್ಟು ಕೇಳಿ ಹೇಳಲಿ, ನಂಬ್ತೀನಿ.”

ಅವಳು ಲೋಟ ಇಟ್ಟು ಹೊರಟಳು. ಅವನಿಗೆ ಕೂಗಿ ಕರೆಯಲು ಧೈರ್ಯ ಬರಲಿಲ್ಲ. ಇನ್ನೊಂದು ಬರಲಿ, ಅವಳು ಒಳಗೆ ಬಂದ ಮೇಲೆ ಬರಲಿ, ದೊಡ್ಡ ಸದ್ದು ಮಾಡಿಕೊಂಡೇ ಬರಲಿ ಎಂದು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಬಾಗಿಲನ್ನೇ ನೋಡುತ್ತ ಕೂತ.