ಓದದ ಸಾಲಿನ ಕೆಳಗಿನ ಹೆಸರು

ಬಸ್ಸು ರಾಯಚೂರಿನ ನಿಲ್ದಾಣ ಬಿಟ್ಟು ಊರ ಹೊರಗಿನ ಹತ್ತಿ ಮಿಲ್ಲುಗಳನ್ನು ದಾಟುವಷ್ಟರಲ್ಲಿ ವಿಶಾಖಾ ಫೋನನ್ನು ಕೈಚೀಲಕ್ಕೆ ಹಾಕಿ, ತೆಗೆದು, ಮತ್ತೆ ಹಾಕಿದ್ದಳು. ಪಕ್ಕದಲ್ಲಿದ್ದ ಅವ್ವ ಮಾನಮ್ಮ ತೊಡೆಯ ಮೇಲಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದಳು. ಬುಟ್ಟಿಯಲ್ಲಿ ಸೀರೆ, ಶೇಂಗಾ ಹೋಳಿಗೆ. ಮಾನಮ್ಮನ ಅಕ್ಕ ಕರೆಮ್ಮ ದೇವದುರ್ಗದಲ್ಲಿ ಹೊಸ ಮನೆ ಕಟ್ಟಿಸಿದ್ದಳು. ಅವತ್ತು ಅದರೊಳಗೆ ಕಾಲಿಡುವ ದಿನ.

“ಆ ಪೆಟ್ಟಿಗಿ ಮನ್ಯಾಗ ಬಿಡಿಸಿ ಕರಕೊಂಡು ಬಂದ್ರ ಇದನ್ನ ಹಿಡಕೊಂಡು ಕುಂತಿ,” ಎಂದಳು ಮಾನಮ್ಮ. ಪೆಟ್ಟಿಗೆ ಅಂದರೆ ಲ್ಯಾಪ್‌ಟಾಪು.

“ಸಣ್ಣ ಕೆಲಸ ಒಂದು ಅದ ಯವ್ವಾ.”

“ಸಣ್ಣದಿದ್ರ ಇಷ್ಟೊತ್ತಿಗೆ ಮುಗೀತಿತ್ತು.”

ಕೆಲಸ ನಿಜಕ್ಕೂ ಸಣ್ಣದೇ. ಕಂಪ್ಯೂಟರಿನ ಬುಡದಲ್ಲಿ ಕೂತು ಉಳಿದೆಲ್ಲವನ್ನೂ ನಡೆಸುವ ಕರ್ನಲ್ ಎಂಬ ಪ್ರೋಗ್ರಾಮಿಗೆ ಊರೂರಿನವರು ತಿದ್ದುಪಡಿ ಬರೆದು ಕಳಿಸುತ್ತಾರೆ. ಅವು ಒಂದು ಮೇಲಿಂಗ್ ಲಿಸ್ಟಿಗೆ, ಎಲ್ಲರ ಕಣ್ಣೆದುರಿಗೆ ಬರುತ್ತವೆ. ಓದಿ ನೋಡಿದವರು ‘ನಾನು ಪರಿಶೀಲಿಸಿದ್ದೇನೆ’ ಎಂದು ತಮ್ಮ ಹೆಸರು ಕೊಡುತ್ತಾರೆ. ಆ ಹೆಸರುಗಳನ್ನು ನೋಡಿ ಮೇಲ್ವಿಚಾರಕ ಅದನ್ನು ಸೇರಿಸಿಕೊಳ್ಳುತ್ತಾನೆ. ವಿಶಾಖಾ ರಾಯಚೂರಿನ ಮನೆಯ ಮಾಳಿಗೆ ಕೋಣೆಯಲ್ಲಿ ಕೂತು ಹಲವು ವರ್ಷಗಳಿಂದ ಈ ಓದುವ ಕೆಲಸ ಮಾಡುತ್ತಿದ್ದಳು. ಅವಳ ಹೆಸರಿದ್ದರೆ ಮೇಲ್ವಿಚಾರಕ ಮತ್ತೊಮ್ಮೆ ಕಣ್ಣಾಡಿಸುವುದೂ ಕಡಿಮೆ ಎಂಬಷ್ಟು ನಂಬಿಕೆ ಕೂಡಿತ್ತು.

ಈಗಿನದು ಮಾನ್ವಿಯ ಅಂಬರೀಶನ ತಿದ್ದುಪಡಿ. ಕಾಲೇಜಿನಲ್ಲಿ ಅವಳಿಗಿಂತ ಕಿರಿಯ ಹುಡುಗ, ಅಕ್ಕಿ ಗಿರಣಿ ಶರಣಯ್ಯನವರ ಮಗ. ಅದರ ಮೊದಲನೆಯ ಆವೃತ್ತಿಯನ್ನು ಅವಳು ಓದಿ ತಪ್ಪು ತೋರಿಸಿದ್ದಳು. ಎರಡನೆಯದನ್ನು ಓದಿ ಹೆಸರು ಕೊಟ್ಟಿದ್ದಳು. ಈ ಮುಂಜಾನೆ ಅವನು ಮೂರನೆಯದನ್ನು ಕಳಿಸಿದ್ದ. ಬೇರೆ ಯಾರೋ ಹೇಳಿದರೆಂದು ನಾಲ್ಕು ಸಾಲನ್ನು ಕೆಳಗಿನಿಂದ ಮೇಲಕ್ಕೆ ಸರಿಸಿದ್ದ. ಅದರ ಬುಡದಲ್ಲಿ ಅವಳ ಹೆಸರು ಹಾಗೇ ಇತ್ತು. ಹಿಂದಿನದರಲ್ಲಿ ಇದ್ದದ್ದನ್ನು ಮುಂದಿನದಕ್ಕೆ ಒಯ್ಯುವುದು ರೂಢಿ. ಅಕ್ಷರ ತಿದ್ದಿದಾಗ, ಖಾಲಿ ಜಾಗ ಸರಿಮಾಡಿದಾಗ ಎಲ್ಲರೂ ಒಯ್ಯುತ್ತಾರೆ. ಕೆಲಸವೇ ಬದಲಾದಾಗ ಬಿಡಬೇಕು. ಅಂಬರೀಶ ಬಿಟ್ಟಿರಲಿಲ್ಲ.

ಆ ನಾಲ್ಕು ಸಾಲುಗಳ ಮೇಲೆ ಅವಳ ಹೆಬ್ಬೆರಳು ಮತ್ತೆ ಮತ್ತೆ ಓಡಾಡಿತು. ಒಂದೇ ಬಾಗಿಲಿಗೆ ಹಲವು ಸಾಕೆಟ್ಟುಗಳು, ಅಂದರೆ ಪ್ರೋಗ್ರಾಮುಗಳು ಸುದ್ದಿಗೆ ಕಾಯುವ ಕಂಡಿಗಳು, ಕಿವಿಗೊಟ್ಟು ಕೂತಿರುವಾಗ, ಬಂದ ಸುದ್ದಿಯನ್ನು ಯಾವ ಸಾಕೆಟ್ಟಿಗೆ ಕೊಡಬೇಕೆಂದು ಕರ್ನಲ್ ಆರಿಸುತ್ತದೆ. ಹಿಂದೊಮ್ಮೆ ಅಪ್ಪ ಕೇಳಿದಾಗ ಅವಳು ಹತ್ತಿ ಮಾರುಕಟ್ಟೆಯ ಗೇಟಿನ ಮಾತು ಹೇಳಿದ್ದಳು. ಟ್ರ್ಯಾಕ್ಟರು ಬಂದರೆ ಗೇಟಿನವನು ಮೊದಲು ಯಾವ ಅಡತಿ, ಅಂದರೆ ಯಾವ ದಲಾಲಿ ಅಂಗಡಿ ಎಂದು ಕೇಳಬೇಕು. ಮೊದಲೇ ಗೊತ್ತುಮಾಡಿಕೊಂಡ ಅಡತಿ ಅಂಗಡಿ ಇದ್ದವನು ಅಲ್ಲಿಗೇ ಹೋಗಬೇಕು. ಯಾರೂ ಗೊತ್ತಿಲ್ಲದ ಹೊಸಬನನ್ನು ಯಾವ ಅಂಗಡಿಗೆ ಕಳಿಸಿದರೂ ನಡೆದೀತು. ಅಂಬರೀಶ ಗೇಟಿನ ಕೆಲಸ ಚುರುಕು ಮಾಡಲು ಹೊರಟಿದ್ದ. ಆದರೆ ಸರಿಸಿದ ಸಾಲುಗಳಿಂದ ಗೇಟಿನವನು ಕೇಳುವ ಮೊದಲೇ ಕಳಿಸಿಬಿಡುತ್ತಾನೇನೋ. ಏನೋ ಅಷ್ಟೆ. ಫೋನಿನ ಬೆರಳಗಲದ ಪರದೆಯಲ್ಲಿ, ಕುಲುಕುವ ಬಸ್ಸಿನಲ್ಲಿ ಖಾತ್ರಿಯಾಗಿ ಹೇಳುವಂತಿರಲಿಲ್ಲ. ತಾನು ಇದನ್ನು ಓದಿಲ್ಲ ಎಂಬುದಷ್ಟೇ ಖಾತ್ರಿ.

ಅಂಬರೀಶನಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಹೊಸ ತಿದ್ದುಪಡಿ ತೆಗೆದುಕೊಳ್ಳುವ ಗಡುವು ಆ ಸಂಜೆಗೆ ಮುಗಿಯುತ್ತಿತ್ತು. ತಪ್ಪಿದರೆ ಮತ್ತೆ ವಾರಗಟ್ಟಲೆ ಕಾಯಬೇಕು. ಮಾನ್ವಿಯಲ್ಲೇ ಕೂತು ಮಾಡಬಹುದಾದ ಒಂದು ನೌಕರಿಗೆ ಅವನು ಮಾತಾಡಿದ್ದ. ಸೇರಿದ ತಿದ್ದುಪಡಿ ಒಂದನ್ನು ತೋರಿಸು ಎಂದು ಅವರು ಕೇಳಿದ್ದರು. ಇದು ಅವಳಿಗೂ ಗೊತ್ತಿತ್ತು.

ದೇವದುರ್ಗದಲ್ಲಿ ಕರೆಮ್ಮನ ಮನೆಯ ಗೋಡೆ ಇನ್ನೂ ಹಸಿ ಬಣ್ಣದ ವಾಸನೆ ಹೊಡೆಯುತ್ತಿತ್ತು. ನಡುಮನೆಯಲ್ಲಿ ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ಎಲ್ಲರೂ ವಂದನೆಗೆ ಕೂತಿದ್ದರು. ವಿಶಾಖಾ ಬಾಗಿಲ ಬಳಿ ಕೂತಳು. ಬಾಯಿ ಎಲ್ಲರ ಜೊತೆ ಹೇಳುತ್ತಿತ್ತು, ಕಾಲ ಬೆರಳು ಮಾತ್ರ ನೆಲದ ಹೊಸ ಬಂಡೆಯ ಸಂದನ್ನು ಕೆದಕುತ್ತಿತ್ತು. ವಂದನೆ ಮುಗಿದದ್ದೇ ಹಿತ್ತಲಿಗೆ ಹೋಗಿ, ನೀರಿನ ತೊಟ್ಟಿಯ ಕಟ್ಟೆಗೆ ಕೂತು ಲಿಸ್ಟಿಗೆ ಬರೆದಳು: ‘ಈ ಮೂರನೆಯದನ್ನು ನಾನು ಓದಿಲ್ಲ. ನನ್ನ ಹೆಸರು ತೆಗೆಯಿರಿ.’

ಕಳಿಸಿದ ಕೂಡಲೇ ಅದು ತಿರುಗಿ ಬಂತು. ಲಿಸ್ಟಿಗೆ ಬರಿಯ ಅಕ್ಷರದ ಪತ್ರವೇ ಬೇಕು. ಫೋನು ತನ್ನಷ್ಟಕ್ಕೆ ಬಣ್ಣ, ಅಂಚು ಎಂದು ಏನೇನೋ ಸುತ್ತಿ ಕಳಿಸುತ್ತದೆ. ಅಂಥದ್ದನ್ನು ಲಿಸ್ಟು ಹೊರಗೇ ನಿಲ್ಲಿಸುತ್ತದೆ. ಹೊಸಬರಿಗೆ ಈ ಮಾತನ್ನು ಮೊದಲ ದಿನವೇ ಹೇಳಿಕೊಡುತ್ತಿದ್ದವಳು ಅವಳೇ. ಮೇಲ್ವಿಚಾರಕನಿಗೆ ಖಾಸಗಿಯಾಗಿ ಬರೆದರೆ ಲೆಕ್ಕಕ್ಕಿಲ್ಲ. ಎಲ್ಲರೆದುರು ಕೊಟ್ಟ ಹೆಸರನ್ನು ಎಲ್ಲರೆದುರೇ ತೆಗೆದುಕೊಳ್ಳಬೇಕು.

“ಇಲ್ಲಿ ಯಾರ ಮನ್ಯಾಗರ ಕಂಪ್ಯೂಟರ್ ಅದನ ದೊಡ್ಡವ್ವಾ?” ಎಂದು ಅಡುಗೆಮನೆಗೆ ತಲೆ ಹಾಕಿ ಕೇಳಿದಳು.

ಕರೆಮ್ಮ ಜಾಲರಿ ಸೌಟಿನಿಂದ ಭಜ್ಜಿ ಎತ್ತುತ್ತಿದ್ದಳು. “ಆನ್‌ಲೈನ್ ಅಂಗಡಿ ಅದ, ಇವತ್ತು ಮುಚ್ಯಾನ. ಮಾಲಕ ಇಲ್ಲೇ ಉಣ್ಣಾಕ ಬಂದಾನ, ಎಬ್ಬಸ್ಲೇನು?”

“ಬ್ಯಾಡ ಬಿಡು.” ಯಾರದೋ ಅಂಗಡಿಯಲ್ಲಿ ಕೂತು ಬರೆದರೂ ಆ ನಾಲ್ಕು ಸಾಲು ತಪ್ಪೋ ಸರಿಯೋ ತಿಳಿಯುವುದಿಲ್ಲ. ಅದಕ್ಕೆ ಕರ್ನಲಿನ ಪೂರ್ತಿ ಕೋಡು ಇರುವ ಯಂತ್ರ ಬೇಕು. ಹತ್ತಿರದಲ್ಲಿ ಅಂಥದ್ದು ಇರುವುದು ಮಾನ್ವಿಯಲ್ಲಿ, ಅಂಬರೀಶನ ಗಿರಣಿಯಲ್ಲಿ.

“ಯವ್ವಾ, ನಾ ಮಾನ್ವಿಗೆ ಹೋಗಿ ಬರ್ತೀನಿ.”

ಮಾನಮ್ಮ ಎಲೆ ಹಾಕುವುದನ್ನು ನಿಲ್ಲಿಸಿದಳು. “ಉಣ್ಣಲಾರ್ದ?”

“ಯಾರೋ ನನ್ನ ಹೆಸರು ಹಾಕ್ಯಾರ. ತಗಸ್ಬೇಕು.”

“ಕೆಟ್ಟದಕ್ಕ ಹಾಕ್ಯಾರೇನು?”

“ಅದಽ ಗೊತ್ತಿಲ್ಲ ನೋಡು.”

ಮಾನಮ್ಮ ಎರಡು ಹೋಳಿಗೆಯನ್ನು ಕಾಗದದಲ್ಲಿ ಸುತ್ತಿ ಅವಳ ಚೀಲಕ್ಕೆ ತುರುಕಿದಳು. ಹಿಂದಿನಿಂದ ಕರೆಮ್ಮ, “ಹೊಸ ಮನಿಗೆ ಬಂದು ನೀರು ಕುಡುದು ಹೋದ್ಲು ಅಂತ ನಾ ಊರೆಲ್ಲ ಹೇಳ್ತೀನಿ,” ಎಂದದ್ದು ಕೇಳಿಸಿತು.

ಸಿರವಾರದ ಮೇಲೆ ಹೋಗುವ ಬಸ್ಸು ಹತ್ತಿದಳು. ಕಂಡಕ್ಟರು ಆಧಾರ್ ಕಾರ್ಡು ನೋಡಿ ಸೊನ್ನೆ ಟಿಕೆಟ್ಟು ಹರಿದುಕೊಟ್ಟ. ಸಿರವಾರದಲ್ಲಿ ಡ್ರೈವರು ಇಳಿದು ಚಹಾ ಕುಡಿಯಲು ಕೂತಾಗ ಅವಳೂ ಇಳಿದು, ಬಸ್ಸಿನ ಮುಂದೆ ಅತ್ತಿಂದಿತ್ತ ನಡೆದಳು. ಡ್ರೈವರು ಬಸಿಯಿಂದ ಸೊರ್ರೆನ್ನುತ್ತ, “ಕುಂಡ್ರ ಬೇ ಯವ್ವಾ, ನೀ ನಡುದ್ರ ಬಸ್ ಬಿಡಲ್ಲ,” ಎಂದ. ಅವಳು ಕೂರಲಿಲ್ಲ. ಅಂಬರೀಶನಿಗೆ ಮತ್ತೆ ಹಚ್ಚಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು.

ಮಾನ್ವಿಯಲ್ಲಿ ಆಟೊ ಇಳಿದಾಗ ಗಿರಣಿ ಜೋರಾಗಿ ನಡೆಯುತ್ತಿತ್ತು. ಸುಗ್ಗಿಯ ಭತ್ತದ ಟ್ರ್ಯಾಕ್ಟರುಗಳು ಗೇಟಿನಿಂದ ರಸ್ತೆಯವರೆಗೆ ನಿಂತಿದ್ದವು. ಹಣೆಯಲ್ಲಿ ವಿಭೂತಿ, ಅದರ ಮೇಲೆ ತೌಡಿನ ಧೂಳು ಕೂತಿದ್ದ ಶರಣಯ್ಯನವರು ಗದ್ದಲದಲ್ಲೇ ಗುರುತು ಹಿಡಿದರು.

“ಬಾರವ್ವ. ನಿಮ್ಮಪ್ಪ ಮೌನಪ್ಪ ಮಾಸ್ತರ್ ಅರಾಮದಾರ? ನಮ್ಮಾಂವ ಒಳಗದಾನ. ಮುಂಜಾನಿಂದ ತೂಕಕ್ಕೂ ಬಂದಿಲ್ಲ, ಊಟಕ್ಕೂ ಬಂದಿಲ್ಲ. ನೀನರ ಕೇಳು.”

ಒಳಗಿನ ಗಾಜಿನ ಕೋಣೆಯಲ್ಲಿ ಅಂಬರೀಶ ಕಂಪ್ಯೂಟರಿನ ಮುಂದೆ ಕೂತಿದ್ದ. ಫೋನು ಮೇಜಿನ ಮೇಲೆ ಮಗುಚಿಕೊಂಡಿತ್ತು.

“ಫೋನ್ ಕೇಳಿಲ್ಲೇನು?”

“ಕೇಳಿತ್ತಕ್ಕ.” ಅವನು ಎದ್ದು ಕುರ್ಚಿ ಬಿಟ್ಟುಕೊಟ್ಟ. “ನೀ ಏನಂತಿ ಅಂತನೂ ಗೊತ್ತಿತ್ತು.”

“ಗೊತ್ತಿದ್ದು ಹಾಕೀ?”

“ನಾಕ ಸಾಲು ಅಲ್ಲಾ. ಮತ್ತ ನಿನ್ನ ಕೇಳಿದ್ರ ನೀ ನಾಕ ದಿನ ಓದ್ತಿ. ನಿನ್ನ ಹೆಸರಿಲ್ಲಂದ್ರ ನನ್ನ ಯಾರು ನೋಡ್ತಾರ?”

ಅವಳು ಕೂತು ತನ್ನ ಅಂಚೆ ತೆರೆದಳು. ಬರಿಯ ಅಕ್ಷರದಲ್ಲಿ ಪತ್ರ ಬರೆದು ಕಳಿಸುವ ಗುಂಡಿಯ ಮೇಲೆ ಬಾಣ ತಂದಳು. ಅಷ್ಟರಲ್ಲಿ ಮೇಲುಗಡೆ ಹೊಸದೊಂದು ಬಂತು. ಮೇಲ್ವಿಚಾರಕನ ಪರವಾಗಿ ಯಂತ್ರವೇ ಲಿಸ್ಟಿನಲ್ಲಿ ಅಂಬರೀಶನಿಗೆ ಕಳಿಸಿದ ಸುದ್ದಿ: ‘ನಿಮ್ಮ ತಿದ್ದುಪಡಿಯನ್ನು ಸೇರಿಸಿಕೊಳ್ಳಲಾಗಿದೆ. ಧನ್ಯವಾದ.’

ಇಬ್ಬರೂ ಅದನ್ನೇ ನೋಡಿದರು. ಒಮ್ಮೆ ಸೇರಿದ್ದರ ಕೆಳಗಿನ ಹೆಸರನ್ನು ಯಾರೂ ಅಳಿಸಿಕೊಡುವುದಿಲ್ಲ. ಮುಂದೆ ಯಾರು ತೆರೆದು ನೋಡಿದರೂ ಆ ನಾಲ್ಕು ಸಾಲುಗಳನ್ನು ವಿಶಾಖಾ ಓದಿದ್ದಾಳೆಂದೇ ಅಲ್ಲಿರುತ್ತದೆ. ಅಂಬರೀಶನ ಮುಖದಲ್ಲಿ ಒಂದು ಗಳಿಗೆ ನಗು ಬಂದಿತ್ತು, ಅವಳನ್ನು ನೋಡಿ ಹೋಯಿತು.

“ಈಗ ಏನ್ ಮಾಡ್ತಿ?”

“ಈಗರ ಓದ್ತೀನಿ.”

ತಿದ್ದುಪಡಿಯ ಪರೀಕ್ಷೆಗೆಂದು ಅವನು ಬರೆದಿದ್ದ ಪ್ರೋಗ್ರಾಮನ್ನು ಓಡಿಸಿದಳು. ಎಲ್ಲ ಸರಿ ಎಂದಿತು. ಅಂಬರೀಶ ಉಸಿರು ಬಿಟ್ಟ. ಅವಳಿಗೆ ಅದು ಸಾಲಲಿಲ್ಲ. ಆ ಪರೀಕ್ಷೆಯಲ್ಲಿ ಬರುತ್ತಿದ್ದವರೆಲ್ಲ ಹೊಸಬರು. ಅಡತಿ ಗೊತ್ತಿದ್ದವನೊಬ್ಬನೂ ಇರಲಿಲ್ಲ. ಒಬ್ಬನಿಗೇ ಮಾತು ಕೊಟ್ಟು ಕೂತ ಸಾಕೆಟ್ಟೊಂದನ್ನು ಸೇರಿಸಿ, ಅವನ ಸುದ್ದಿಯನ್ನು ಮತ್ತೆ ಮತ್ತೆ ಕಳಿಸಿದಳು. ಕೆಲವು ಆ ಸಾಕೆಟ್ಟಿಗೇ ತಲುಪಿದವು. ಕೆಲವು ಪಕ್ಕದ ಸಾಕೆಟ್ಟಿನ ಪಾಲಾದವು.

ಅಂಬರೀಶ ಪರದೆಯ ಹತ್ತಿರ ಬಗ್ಗಿದ. “ಗೇಟಿನ್ಯಾಂವ ಕೇಳವಲ್ಲ,” ಎಂದ ಮೆಲ್ಲಗೆ. ಆ ಗೇಟಿನ ಮಾತನ್ನು ಅವಳು ಅವನಿಗೂ ಹೇಳಿದ್ದಳು.

“ಕೇಳವಲ್ಲ.”

“ಕೇಳಿದ್ರ ಮತ್ತ ಮೊದಲಿನಷ್ಟಽ ತಡ. ನನ್ನ ಕೆಲಸ ಪೂರಾ ಹೋತು.”

“ಪೂರಾ ಯಾಕ ಹೋಗ್ತದ? ಆ ಅಂಗಡಿ ಸಾಲಿನ್ಯಾಗ ಗೊತ್ತಿದ್ದಾಂವ ಒಬ್ಬನರ ಅದಾನಂದ್ರ ಗೇಟಿನ್ಯಾಂವ ಕೇಳ್ಲಿ. ಯಾರೂ ಇಲ್ಲಂದ್ರ ಕೇಳೂದು ಬ್ಯಾಡ.” ಹೇಳುತ್ತಲೇ ಬರೆಯತೊಡಗಿದ್ದಳು. ಸರಿಪಡಿಸುವ ತಿದ್ದುಪಡಿಗೆ ಗಡುವಿಲ್ಲ, ಯಾವಾಗಲೂ ತೆಗೆದುಕೊಳ್ಳುತ್ತಾರೆ. ಮೇಲೆ ಅಂಬರೀಶನ ತಿದ್ದುಪಡಿಯ ಗುರುತು ಹಾಕಿ ‘ಇದರಲ್ಲಿನ ತಪ್ಪು ಸರಿಪಡಿಸಲು’ ಎಂದು ಬರೆದಳು. ಅದರ ಕೆಳಗೆ, ಕೀಲಿಗಳ ಮೇಲೆ ಬೆರಳು ಒಂದಿಷ್ಟು ತಡೆದು, ಇನ್ನೊಂದು ಮಾತು ಸೇರಿಸಿದಳು: ‘ಈ ತಪ್ಪಿರುವ ಆವೃತ್ತಿಯನ್ನು ನಾನು ಓದಿರಲಿಲ್ಲ.’

ಅಂಬರೀಶ ಓದಿದ. ಹೊರಗೆ ಹಮಾಲರು ಚೀಲ ಒಗೆಯುವ ಸದ್ದಿಗೆ ಕಿಟಕಿಯ ಗಾಜು ಅದುರುತ್ತಿತ್ತು.

“ಇದು ನೌಕರಿ ಕೊಡೋರಿಗೂ ಕಾಣ್ತದ,” ಎಂದ.

“ಕಾಣ್ತದ.”

ಅವನು ಕಿಟಕಿಯ ಕಡೆಗೆ ಹೋಗಿ, ಟ್ರ್ಯಾಕ್ಟರುಗಳ ಸಾಲು ನೋಡಿ ಬಂದ. “ಆಯ್ತು ಕಳಸು. ಓದಿದಾಂವ ಅಂತ ನನ್ನ ಹೆಸರು ಹಾಕು.”

“ಓದಿಯೇನು?”

“ನೀ ಬರಿಯೂದು ನೋಡಾಕತ್ತಿದ್ದೆ.”

“ಓದು,” ಎಂದು ಅವಳು ಕುರ್ಚಿ ಬಿಟ್ಟು ಎದ್ದಳು.

ಅವನು ಕೂತ. ವಿಶಾಖಾ ಹೋಳಿಗೆಯ ಪೊಟ್ಟಣ ಬಿಚ್ಚಿ ಒಂದನ್ನು ಅವನ ಮುಂದಿಟ್ಟು, ಇನ್ನೊಂದನ್ನು ನಿಂತೇ ತಿಂದಳು. ಬಾಗಿಲಿಗೆ ಹೋದಳು, ತೂಕದ ಕಟ್ಟೆಯವರೆಗೆ ಹೋದಳು, ತಿರುಗಿ ಬಂದಳು. ಬಿಸಿಲು ಗಿರಣಿಯ ತಗಡಿನ ಅಂಚಿಗೆ ಇಳಿದಿತ್ತು. ಮಾನಮ್ಮ ಫೋನು ಮಾಡಿ ಕೊನೆಯ ಪಂಕ್ತಿಯೂ ಎದ್ದಿತೆಂದಳು. ರಾಯಚೂರಿನ ಬಸ್ಸು ಹಿಡಿಯುವುದಾದರೆ ಈಗ ಹೊರಡಬೇಕು. ಅಂಬರೀಶ ಒಂದೊಂದೇ ಸಾಲಿಗೆ ಬೆರಳಿಟ್ಟು ತುಟಿ ಆಡಿಸುತ್ತಿದ್ದ. ಹೋಳಿಗೆ ಹಾಗೇ ಇತ್ತು.

“ಏನ್ ಅಂಬ್ರೀಶ, ಆತೇನು?”

“ತಡೀ ಅಕ್ಕ.”

ಮತ್ತೆ ತೂಕದ ಕಟ್ಟೆಯವರೆಗೆ ಹೋಗಿ ಬಂದಾಗ ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿ ಕೂತಿದ್ದ.

“ಇಂಟರ್ನೆಟ್ಟಿನ ಹಳೇ ನಮೂನಿ ವಿಳಾಸಕ್ಕ ಒಂದು ಫೈಲ್ ಅದ, ಹೊಸ ನಮೂನಿ ವಿಳಾಸಕ್ಕ ಇನ್ನೊಂದು ಅದ ಅಲ್ಲೇನು?”

“ಹೂಂ.”

“ಎರಡರಾಗೂ ಇದಽ ಸಾಲು ಅದಾವ. ಎರಡರಾಗೂ ನಾನಽ ಕೆಡಿಸೀನಿ. ನೀ ಒಂದರಾಗ ತಿದ್ದಿ. ಇನ್ನೊಂದು ಬಿಟ್ಟಿ.”

ಅವಳು ಬಗ್ಗಿ ನೋಡಿದಳು. ಬಿಟ್ಟಿದ್ದಳು. ಹೊಸ ವಿಳಾಸದ ಗೇಟಿನಲ್ಲಿ ಇನ್ನೂ ಯಾರೂ ಕೇಳುತ್ತಿರಲಿಲ್ಲ.

“ನನ್ನ ಹೆಸರು ಈಗಽ ಹಾಕಬ್ಯಾಡ,” ಎಂದು ಅಂಬರೀಶ ಹೋಳಿಗೆಯ ತುದಿ ಮುರಿದು ಬಾಯಿಗೆ ಹಾಕಿಕೊಂಡ. “ತಿದ್ದು. ಮತ್ತ ಓದ್ತೀನಿ.”

ವಿಶಾಖಾ ಬಾಗಿಲ ಬಳಿಯಿದ್ದ ಸ್ಟೂಲನ್ನು ಎಳೆದುಕೊಂಡು ಅವನ ಪಕ್ಕಕ್ಕೆ ಕೂತು, ಕೀಲಿಮಣೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಹೊರಗೆ ಶರಣಯ್ಯನವರು ಯಾರಿಗೋ ಟ್ರ್ಯಾಕ್ಟರು ಹಿಂದಕ್ಕೆ ತೆಗೆಯಲು ಹೇಳುತ್ತಿದ್ದರು. ಅವಳು ಎರಡನೆಯ ಫೈಲನ್ನು ಮೊದಲ ಸಾಲಿನಿಂದ ಓದತೊಡಗಿದಳು.