ಬೆನ್ಯಾಮೀನನ ಮನೆಯ ನಾಯಿ ನಾನು

ನಾನು ಒಂದು ಹೆಣ್ಣು ನಾಯಿ. ಗದಗಿನ ಹತ್ತಿ ಕಾರ್ಖಾನೆಯೊಂದರ ಹಿಂದೆ, ಹತ್ತಿಕಾಳಿನ ರಾಶಿಯ ಬೆಚ್ಚನೆಯ ಮಗ್ಗುಲಲ್ಲಿ ಹುಟ್ಟಿದೆ. ನನ್ನ ಜೊತೆ ಹುಟ್ಟಿದ ಗಂಡುಮರಿಗಳನ್ನು ಜನ ಒಂದೊಂದಾಗಿ ಎತ್ತಿಕೊಂಡು ಹೋದರು. ನನ್ನನ್ನೂ ಎತ್ತುತ್ತಿದ್ದರು. ತಿರುಗಿಸಿ ನೋಡಿ, ಹೆಣ್ಣೆಂದು ತಿಳಿದೊಡನೆ ಮತ್ತೆ ಅಲ್ಲೇ ಇಡುತ್ತಿದ್ದರು.

ಕೊನೆಗೆ ಎಲಿಶಾ ಹುಲಕೋಟಿಯವರು ಬಂದರು. ರೈಲ್ವೆಯ ಪಾರ್ಸಲ್ ಆಫೀಸಿನಲ್ಲಿ ಅವರ ಕೆಲಸ. ಹರಕು ಗೋಣಿಯಲ್ಲಿ ನನ್ನನ್ನು ಸುತ್ತಿಕೊಂಡು, ಸೈಕಲ್ಲಿನ ಮೇಲೆ ಬೆಟಗೇರಿಯ ನೇಕಾರರ ಓಣಿಗೆ ತಂದರು. ಬಾಗಿಲಲ್ಲಿ ಅವರ ಹೆಂಡತಿ ಕೃಪಾವತಿ ನಿಂತಿದ್ದರು.

"ಹೆಣ್ಣು ನಾಯಿ ಯಾಕ ತಂದ್ರಿ?"

"ಯಾರೂ ಒಯ್ಯಲಿಲ್ಲ, ಕೃಪಾ."

ಕೃಪಾವತಿಯವರು ನನ್ನ ಮುಂದೆ ಒಂದು ಬಟ್ಟಲು ಹಾಲು ಇಟ್ಟರು. ನನ್ನ ಮೈ ಬೆಳ್ಳಗಿತ್ತೆಂದು ಅರಳೆ ಎಂದು ಹೆಸರಿಟ್ಟರು.

ಆ ಮನೆಯಲ್ಲಿ ಮಕ್ಕಳಿರಲಿಲ್ಲ. ಕೃಪಾವತಿ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ದಿನವೆಲ್ಲ ಊರ ಮಕ್ಕಳ ಗದ್ದಲ ಕೇಳಿ ಬಂದವರಿಗೆ ಸಂಜೆ ಮನೆಯ ಮೌನ ತಡೆಯಲಾಗುತ್ತಿರಲಿಲ್ಲವೇನೋ, ಒಳಗೆ ಬರದೆ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಕೂತುಬಿಡುತ್ತಿದ್ದರು. ಒಳಗೆ ಒಂದು ಪುಟ್ಟ ಕೋಣೆಗೆ ಹಳದಿ ಬಣ್ಣ ಬಳಿಸಿ, ಮಂಚ ಹಾಕಿಸಿದ್ದರು. ಅದರಲ್ಲಿ ಯಾರೂ ಮಲಗುತ್ತಿರಲಿಲ್ಲ. ಎಲಿಶಾರ ಸೋದರತ್ತೆ ಸುಗುಣಮ್ಮ ಇಥಿಯೋಪಿಯಾದ ಮಿಷನ್ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದರು. ಅಲ್ಲಿ ತಾಯಿ ಸತ್ತ, ಆಗಲೇ ಓಡಾಡುವ ಒಂದು ಗಂಡುಮಗು ವಾರ್ಡಿನಲ್ಲೇ ಬೆಳೆಯುತ್ತಿದೆ, ಅದಕ್ಕೆ ಯಾರೂ ಇಲ್ಲ ಎಂದು ಅವರು ಫೋನಿನಲ್ಲಿ ಹೇಳಿದ್ದರು. ಅಂದಿನಿಂದ ಗಂಡಹೆಂಡಿರು ಕೋರ್ಟು, ಕಚೇರಿ ಎಂದು ಅಲೆದರು. ಊಟಕ್ಕೆ ಮೊದಲಿನ ಪ್ರಾರ್ಥನೆಯಲ್ಲಿ ಆ ಮಗುವಿನ ಹೆಸರು ಬರುತ್ತಿತ್ತು: ತಮ್ರಾತ್.

ಅವನು ಬಂದಾಗ ನಾನು ಪೂರ್ತಿ ಬೆಳೆದಿದ್ದೆ. ಸುಗುಣಮ್ಮನ ಕೈ ಹಿಡಿದು ಆಟೋದಿಂದ ಇಳಿದ. ನಾಲ್ಕು ವರ್ಷದವನಿರಬೇಕು. ಸಪೂರ ಕಾಲು, ದೊಡ್ಡ ಕಣ್ಣು. ಓಣಿಯ ಜನವೆಲ್ಲ ನೋಡಲು ನೆರೆದಿತ್ತು. ಅವನು ಅಳಲಿಲ್ಲ. ನೆಟ್ಟಗೆ ನಡೆದು ಬಂದು ನನ್ನ ಪಕ್ಕದಲ್ಲಿ, ಬರಿ ನೆಲದ ಮೇಲೆ ಕೂತ.

ಚರ್ಚಿನ ಬೋಧಕರು ಅವನಿಗೆ ಬೆನ್ಯಾಮೀನ ಎಂದು ಹೆಸರಿಟ್ಟರು. ಸುಗುಣಮ್ಮ ವಾಪಸು ಹೋದರು. ಆಮೇಲೆ ಅವನು ಮಾತಾಡುತ್ತಿದ್ದುದು ಹೆಚ್ಚಾಗಿ ನನ್ನೊಡನೆಯೇ. ನೀರಿನ ಬೋಗುಣಿ ತೋರಿಸಿ "ವುಹಾ" ಅನ್ನುತ್ತಿದ್ದ. "ನೆಯ್" ಎಂದರೆ ನಾನು ಎದ್ದು ಹತ್ತಿರ ಹೋಗಬೇಕು. ಅದನ್ನು ಬೇಗ ಕಲಿತೆ. ನಾಯಿಗೆ ಎಲ್ಲ ಭಾಷೆಯೂ ಹೊಸದೇ.

ಸಂಜೆಯಾದರೆ ಗೇಟಿನ ಸರಳು ಹಿಡಿದು ನಿಂತು, ರಸ್ತೆಯ ಕಡೆ ಮುಖ ಮಾಡಿ "ನೆಯ್, ನೆಯ್" ಎಂದು ಕೂಗುತ್ತಿದ್ದ. ನಾನು ಓಡಿ ಹೋಗಿ ಅವನ ಕಾಲು ನೆಕ್ಕುತ್ತಿದ್ದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ಮತ್ತೆ ಕೂಗುತ್ತಿದ್ದ.

ಎದುರುಮನೆಯ ನೀಲವ್ವ ಮಗ್ಗ ನಿಲ್ಲಿಸಿ ಹೊರಗೆ ಬಂದು ನಗುತ್ತಿದ್ದಳು. "ಟೀಚರ್, ನಿಮ್ಮ ಕೂಸು ‘ನೇಯಿ, ನೇಯಿ’ ಅಂತೈತಿ ನೋಡ್ರಿ. ನೇಕಾರರ ಓಣಿಗೆ ತಕ್ಕ ಮಗಾನೇ ಬಂದಾನ."

ಓಣಿಯೆಲ್ಲ ನಕ್ಕಿತು. ಕೃಪಾವತಿಯೂ ನಕ್ಕರು. ಮಗನನ್ನು ಓಣಿ ಒಪ್ಪಿಕೊಂಡಿತಲ್ಲ ಎಂಬ ಸಂತೋಷ ಅವರಿಗೆ.

ಆದರೆ ತಿಂಗಳುಗಳು ಕಳೆದರೂ ಅವನು ಅವರನ್ನು ಏನೆಂದೂ ಕರೆಯಲಿಲ್ಲ. ಒಂದು ದಿನ ಕೃಪಾವತಿ ಗಂಡನಿಗೆ ಹೇಳಿದರು, "ಇನ್ನ ಮ್ಯಾಲೆ ಆ ಭಾಷಾದಾಗ ಏನು ಕೇಳಿದ್ರೂ ನಾವು ತಿಳಿದವರಂಗ ಮಾಡೂದು ಬ್ಯಾಡ್ರಿ. ಎರಡು ಭಾಷಾದ ನಡುವ ಕೂಸು ಒದ್ದಾಡತೈತಿ."

"ಸಣ್ಣದೈತಿ ಕೃಪಾ. ತಾನಾಗೇ ಕಲೀತೈತಿ."

"ಶಾಲಿಗೆ ಹಾಕೂದು ಯಾವಾಗ? ನಾ ಕನ್ನಡ ಕಲಿಸಾಕಿ. ನನ್ನ ಮಗನೇ ಮೂಕ ಆಗಿ ಕುಂದರಬೇಕೇನು?"

ಅಂದಿನಿಂದ ಅವನು "ವುಹಾ" ಅಂದರೆ ಅವರು ನೀರಿನ ಲೋಟ ಕೈಯಲ್ಲೇ ಹಿಡಿದು ಕಾಯುತ್ತಿದ್ದರು. ಕಾಯುವಾಗ ಅವರ ಕಣ್ಣಲ್ಲೂ ನೀರಿರುತ್ತಿತ್ತು. ಅವನು ಲೋಟ ನೋಡುವನು, ಅವರ ಮುಖ ನೋಡುವನು, ಹೊರಗೆ ಬಂದು ನನ್ನ ಬೋಗುಣಿಯಲ್ಲಿ ಕುಡಿಯುವನು. ಅವರು ನನ್ನ ಬೋಗುಣಿಯನ್ನು ಹಿತ್ತಲಿಗೆ ಒಯ್ದಿಟ್ಟರು.

ಹಾಗೇ ಒಂದು ಮಧ್ಯಾಹ್ನ ಅಡುಗೆಮನೆಯಿಂದ ಅವನ ದನಿ ಕೇಳಿತು. "ಅವ್ವಾ, ರೊಟ್ಟಿ ಕೊಡು."

ಕೃಪಾವತಿ ಒಲೆಯ ಮುಂದೆಯೇ ಕುಸಿದು ಕೂತರು. ಅವನನ್ನು ತಬ್ಬಿಕೊಂಡು ಅತ್ತರು. ಎಲಿಶಾ ಪೇಟೆಗೆ ಹೋಗಿ ಪೇಡೆ ತಂದು ಓಣಿಗೆಲ್ಲ ಹಂಚಿದರು. ನನಗೂ ಸಿಕ್ಕಿತು. ಸುಳ್ಳು ಹೇಳಲಾರೆ, ಆ ಮನೆಯಲ್ಲಿ ಅಂಥ ಸಂತೋಷ ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಆಮೇಲೆ ಗೇಟಿನ ಹತ್ತಿರ ಕೂಗುವುದು ನಿಂತಿತು. ನನ್ನನ್ನು "ಬಾ ಅರಳೆ" ಎಂದು ಕರೆಯತೊಡಗಿದ. ಶಾಲೆಗೆ ಹೋದ. ಬಣ್ಣ ಆಡಿಕೊಂಡ ಹುಡುಗರನ್ನು ಗದಗಿನ ಬೈಗಳಲ್ಲೇ ಬೈದು ಬಂದ. ಚರ್ಚಿನಲ್ಲಿ ಎಲ್ಲರಿಗಿಂತ ಎತ್ತರದ ದನಿಯಲ್ಲಿ ಕೀರ್ತನೆ ಹಾಡಿದ. ಭಾನುವಾರ ಅವ್ವ ತಲೆಗೆ ಎಣ್ಣೆ ಹಚ್ಚುವಾಗ ಅವರ ಮಡಿಲಲ್ಲೇ ನಿದ್ದೆಹೋಗುತ್ತಿದ್ದ. ಅವರು ಕಾಲು ಜೋಮು ಹಿಡಿದರೂ ಅಲುಗುತ್ತಿರಲಿಲ್ಲ. ಅವನ ಹಳೆಯ ಮಾತುಗಳು ಯಾವಾಗ ಹೋದವೋ ಯಾರೂ ಗಮನಿಸಲಿಲ್ಲ.

ಅವನಿಗೆ ಹನ್ನೆರಡು ತುಂಬಿದ ವರ್ಷ ಒಂದು ಫೋನ್ ಬಂತು. ಎಲಿಶಾ ಅಂಗಳದಲ್ಲಿ ನಿಂತು ಇಂಗ್ಲಿಷಿನಲ್ಲಿ ಮಾತಾಡಿದರು. ಮುಗಿಸಿ ಕಟ್ಟೆಯ ಮೇಲೆ ಕೂತರು.

"ಯಾರ್‍ರೀ ಅದು?"

"ಯೆಶಿ ಅಂತ. ನಮ್ಮ ಬೆನ್ಯಾನ ಅಕ್ಕ ಅಂತ."

"ಯಾರೂ ಇಲ್ಲ ಅಂದಿದ್ರಲ್ಲ ಸುಗುಣತ್ತಿ!"

"ಅತ್ತಿಗೂ ಗೊತ್ತಿದ್ದಿಲ್ಲ ಕಾಣಸ್ತೈತಿ. ಈಗ ಕೇಳೋಣಂದ್ರ ಆಕಿನೂ ಇಲ್ಲ. ಈ ಹುಡುಗೀನ್ನ ಸಣ್ಣಾಕಿದ್ದಾಗ ಪಟ್ಟಣಕ್ಕ ಮನಿಗೆಲಸಕ್ಕ ಕಳಿಸಿದ್ರಂತ. ತಿರುಗಿ ಬರೂದ್ರಾಗ ತಾಯಿ ಸತ್ತಿದ್ಲು, ತಮ್ಮ ಇಲ್ಲಿಗೆ ಬಂದಿದ್ದ. ನಮ್ಮ ನಂಬರು ಆ ಮಿಷನ್ ಆಸ್ಪತ್ರಿಯಾಗ ಸಿಕ್ತಂತ. ಈಗ ಕೆಲಸಕ್ಕಿರೂ ಮನಿಯವರ ಜೋಡಿ ಬೆಂಗಳೂರಿನ ಆಸ್ಪತ್ರಿಗೆ ಬಂದಾಳ. ಒಂದು ದಿನ ರಜಾ ಕೊಟ್ಟಾರಂತ."

"ಒಯ್ಯಾಕ ಬರತಾಳೇನು?"

ಅವಳು ಬರುವ ದಿನ ಬೆಳಿಗ್ಗೆ ಕೃಪಾವತಿ ಮಗನನ್ನು ಕರೆದುಕೊಂಡು ಹುಬ್ಬಳ್ಳಿಯ ತಂಗಿಯ ಮನೆಗೆ ಹೊರಟೇಬಿಟ್ಟರು. ಗೇಟಿನವರೆಗೆ ಹೋಗಿ, ಅಲ್ಲೇ ನಿಂತು, ತಿರುಗಿ ಬಂದರು. ಅವನ ಹೊಸ ಅಂಗಿಗೆ ಇಸ್ತ್ರಿ ಮಾಡಿದರು.

ಯೆಶಿ ಬಂದಳು. ತೆಳ್ಳಗಿನ ಹುಡುಗಿ, ತಲೆಗೆ ಬಿಳಿ ವಸ್ತ್ರ. ತಮ್ಮನನ್ನು ಕಂಡೊಡನೆ ಚೀಲ ಕೆಳಗೆ ಬಿಟ್ಟು, ಎರಡೂ ಕೈ ಚಾಚಿ "ನಾ, ನಾ" ಎಂದಳು.

ಅವನು ಅವ್ವನ ಹಿಂದೆ ಸರಿದ. "ಅವ್ವಾ, ಅಕಿ ಬರೇ ‘ನಾ, ನಾ’ ಅಂತಾಳ. ಯಾರಂತ ಹೇಳವಲ್ಲಳು."

ಅವಳ ಕೈಗಳು ನಿಧಾನವಾಗಿ ಕೆಳಗಿಳಿದವು. ಎಲಿಶಾ ಒಳಗೆ ಕರೆದು ಕೂರಿಸಿದರು. ಅವಳು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದಳು, ಅವರು ಕನ್ನಡ ಮಾಡಿದರು. "ನಾ ಅಂದ್ರ ಅವರ ಮಾತಿನಾಗ ‘ಬಾ’ ಅಂತ. ಗಂಡುಮಕ್ಕಳಿಗೆ ಹಂಗ ಕರೀತಾರಂತ. ಹೆಣ್ಣುಮಕ್ಕಳಿಗೆ ಬ್ಯಾರೆ ಐತಂತ. ಆಕಿ ಪಟ್ಟಣಕ್ಕ ಹೊಂಟಾಗ ಇವನು ಬಸ್ಸಿನ ಹಿಂದ ಓಡಿ ಓಡಿ ಆಕಿನ್ನ ಕರದಿದ್ನಂತ."

ಏನೆಂದು ಕರೆದ ಎಂಬುದನ್ನು ಯೆಶಿ ತಾನೇ ಹೇಳಿದಳು. "ನೆಯ್, ಯೆಶಿ. ನೆಯ್."

ಬಾಗಿಲ ಬಳಿ ಮಲಗಿದ್ದ ನಾನು ಎದ್ದೆ. ಎಷ್ಟೋ ವರ್ಷಗಳಿಂದ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ನಡೆದು ಹೋಗಿ ಅವಳ ಮೊಣಕಾಲಿನ ಮುಂದೆ ನಿಂತೆ.

 ಯೆಶಿ ನನ್ನನ್ನೇ ನೋಡಿದಳು, ಆಮೇಲೆ ನನ್ನ ಕೊರಳು ತಬ್ಬಿ ಅಳತೊಡಗಿದಳು. ಕೃಪಾವತಿ ಕಿಟಕಿಯಿಂದ ಗೇಟನ್ನು ನೋಡುತ್ತಿದ್ದರು. "ಅಕ್ಕನ್ನ ಕರೀತಿದ್ದನ್ರೀ," ಎಂದರು, ದನಿಯೇ ಇಲ್ಲದಂತೆ. "ದಿನಾ ಅಕ್ಕನ್ನ ಕರೀತಿದ್ದ. ನಾವು ನಗತಿದ್ವಿ."

ನನಗೂ ಆಗಲೇ ತಿಳಿದದ್ದು. ಗೇಟಿನ ಬಳಿ ಅವನು ಕರೆದದ್ದು ನನ್ನನ್ನಲ್ಲ.

ಊಟದ ನಂತರ ಕೃಪಾವತಿ ಗಂಡನಿಗೆ ಹೇಳಿದರು, "ಕೇಳ್ರಿ. ಅವನನ್ನ ಒಯ್ಯಾಕ ಬಂದಾಳೇನು ಕೇಳಿಬಿಡ್ರಿ." ಅವರ ಕೈ ಮಗನ ಅಂಗಿಯ ತುದಿ ಹಿಡಿದಿತ್ತು.

ಯೆಶಿ ತಮ್ಮನನ್ನು ನೋಡಿ ಏನೋ ಹೇಳಿದಳು. ಎಲಿಶಾ ಕನ್ನಡ ಮಾಡಿದರು. "ಒಯ್ಯಬೇಕಂತನ ಬಂದಿದ್ದೆ ಅಂತಾಳ. ಆದ್ರ ಅವನು ಒಂದ್ಸಲ ಮೂಕ ಆಗಿ ಈ ಮನಿಗೆ ಬಂದಾನ, ಇನ್ನೊಂದ್ಸಲ ಮೂಕ ಆಗಿ ನನ್ನ ಮನಿಗೆ ಬರೂದು ಬ್ಯಾಡ ಅಂತಾಳ."

ಸಂಜೆಯ ರೈಲಿಗೆ ಹೋದಳು. ಕೃಪಾವತಿ "ಅಕ್ಕ ಅನ್ನೋ" ಎಂದು ಬೇಡಿಕೊಂಡ ಮೇಲೆ ಹುಡುಗ ಪಾಠ ಒಪ್ಪಿಸುವವನಂತೆ "ಅಕ್ಕ" ಎಂದ. ಅವಳಿಗೆ ಅದು ಅರ್ಥವಾಗಲಿಲ್ಲ.

ಕೆಲವು ತಿಂಗಳು ಅವಳ ಫೋನ್ ಬರುತ್ತಿತ್ತು. ಇಬ್ಬರೂ ಫೋನ್ ಹಿಡಿದು ಸುಮ್ಮನಿರುತ್ತಿದ್ದರು. ಆಮೇಲೆ ಆ ನಂಬರು ಹತ್ತದಾಯಿತು. ಅವಳು ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ.

ಬೆನ್ಯಾಮೀನ ಒಮ್ಮೆ ಕೇಳಿದ, "ಅವ್ವಾ, ನಾ ಮತ್ತೇನೇನು ಮಾತಾಡತಿದ್ದೆ ಆಗ?"

ಕೃಪಾವತಿ ನೆನಪು ಮಾಡಿಕೊಳ್ಳಲು ನೋಡಿದರು. "ನಾ ಕೇಳಿಸ್ಕೊಳ್ಳಲಿಲ್ಲಪ್ಪಾ," ಎಂದರು. ಅವನು ಸಿಟ್ಟಾಗಲಿಲ್ಲ. ಆದರೆ ಆಮೇಲೆ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಕೂರಲಿಲ್ಲ. ನಾ ದೊಡ್ಡಾಂವ ಆಗೇನಿ ಅಂದ.

ಈಗ ನನಗೆ ವಯಸ್ಸಾಗಿದೆ. ಹಿಂಗಾಲು ಏಳುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಹಳೆಯ ಚಾದರ ಹಾಸಿಕೊಟ್ಟಿದ್ದಾರೆ, ಅಲ್ಲೇ ಬಿದ್ದಿರುತ್ತೇನೆ. ಕೃಪಾವತಿ ಕೆಲಸದಿಂದ ನಿವೃತ್ತರಾಗಿದ್ದಾರೆ. ರೊಟ್ಟಿ ಬಡಿಯುತ್ತ, ಮೊಬೈಲಿನಲ್ಲಿ ಯಾರೋ ಹೇಳಿಕೊಡುವ ಅವನ ಭಾಷೆಯನ್ನು ತಾವೇ ಕಲಿಯುತ್ತಾರೆ. ನಾಲಿಗೆ ಹೊರಳುವುದಿಲ್ಲ. ಒಂದು ಮಾತನ್ನೇ ಬೆಳಗಿನಿಂದ ಸಂಜೆಯವರೆಗೆ ಅನ್ನುತ್ತಾರೆ.

ಮೊನ್ನೆ ಅವನು ಕಾಲೇಜಿನಿಂದ ಬಂದು ಓದುತ್ತ ಕೂತಿದ್ದ. ಕೃಪಾವತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು "ಲಿಜೆ" ಎಂದರು. ಅವನು ತಲೆ ಎತ್ತಲಿಲ್ಲ. ಇನ್ನೊಮ್ಮೆ ಅಂದರು. ತನ್ನನ್ನೇ ಕರೆಯುತ್ತಿದ್ದಾರೆಂದು ಅವನಿಗೆ ತಿಳಿಯಲಿಲ್ಲ.

"ನನ್ನ ಕೂಸೇ ಅಂತಪ್ಪಾ ಅದು," ಎಂದರು ಅವರು. "ನಿಮ್ಮ ಮಾತಿನಾಗ."

ಅವನು ಪುಸ್ತಕ ಮುಚ್ಚಿದ. 

"ಅವ್ವಾ," ಎಂದ, "ಕನ್ನಡದಾಗ ಕರಿ. ನನಗ ಅದೊಂದ ಬರತೈತಿ."

ಅವರು ಕರೆಯಲು ಬಾಯಿ ತೆರೆದರು. ದನಿ ಹೊರಡಲಿಲ್ಲ. ಅವನೇ ಎದ್ದು ಹೋಗಿ ಅವರ ಪಕ್ಕದಲ್ಲಿ ನಿಂತ. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಇಬ್ಬರೂ ಅದನ್ನು ತೆಗೆಯಲಿಲ್ಲ.