ಬ್ರೂಜ್‌ನಲ್ಲಿ ಎಲ್ಲಿ ತಿನ್ನುವುದು

ನಮ್ಮ ಮನೆಯವರು ಯಾವ ಊರಿಗೆ ಹೊರಟರೂ ಮೊದಲು ಕೇಳುವುದು ಅಲ್ಲಿ ನೋಡಲು ಏನಿದೆ ಎಂದಲ್ಲ, ತಿನ್ನಲು ಏನಿದೆ ಎಂದು. ಬ್ರೂಜ್ ಬೆಲ್ಜಿಯಂನ ಹಳೆಯ ಊರು. ಕಾಲುವೆಗಳು, ಗಂಟೆ ಗೋಪುರ, ಮೆಟ್ಟಿಲು ಮೆಟ್ಟಿಲಾಗಿ ಏರುವ ಇಟ್ಟಿಗೆ ಮನೆಗಳು. ಅವೆಲ್ಲ ನೂರಾರು ವರ್ಷಗಳಿಂದ ಅಲ್ಲೇ ಇವೆ, ಇನ್ನು ಮುಂದೆಯೂ ಇರುತ್ತವೆ, ಊಟದ್ದು ಹೇಳಿ ಎನ್ನುವ ಜನ ನಾವು. ಜುಲೈ ರಜೆಗೆ ಟಿಕೆಟ್ ಬುಕ್ ಮಾಡಿದ ದಿನವೇ ನನ್ನ ಮೈದುನ ಮನೋಜ್ ಮೆಲ್ಬರ್ನ್‌ನಲ್ಲಿ ಕೂತು ಒಂದು ವಾಟ್ಸ್‌ಆಪ್ ಗ್ರೂಪ್ ತೆರೆದ. ‘ಬ್ರೂಜ್ ಊಟ’ ಎಂದು ಹೆಸರಿಟ್ಟ. ವಿಮಾನಕ್ಕೆ, ಹೋಟೆಲಿಗೆ ಗ್ರೂಪ್ ಇರಲಿಲ್ಲ.

ಗ್ರೂಪಿನಲ್ಲಿ ನಾಲ್ವರು. ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಿಂದ ಮನೋಜ್, ಅವನ ಹೆಂಡತಿ ಕೃಪಾ. ಸಿಡ್ನಿಯ ರೌಸ್ ಹಿಲ್‌ನಿಂದ ನಾನು, ನನ್ನ ಗಂಡ ಅಭಿನವ. ಈ ಪ್ರವಾಸ ಯಾರಿಗಾಗಿಯೋ ಆ, ನಮ್ಮ ಜೊತೆಯೇ ಇರುವ ನನ್ನ ಅತ್ತೆ ಭಾಗೀರಥಿಯವರು ಮಾತ್ರ ಅದರಲ್ಲಿರಲಿಲ್ಲ. ಅವರಿಗೆ ವಾಟ್ಸ್‌ಆಪ್ ಬರುವುದಿಲ್ಲವೆಂದಲ್ಲ, ದಿನ ಬೆಳಗಾದರೆ ಹೂವಿನ ಚಿತ್ರ ಕಳಿಸುತ್ತಾರೆ. ಅಮ್ಮನನ್ನು ಯಾಕೆ ಸೇರಿಸಿಲ್ಲ ಎಂದು ಕೇಳಿದ್ದಕ್ಕೆ ಅಮ್ಮನಿಗೆ ಸರ್ಪ್ರೈಸ್ ಇರಲಿ ಎಂದ ಮನೋಜ್.

ಅತ್ತೆ ಹೊರಗೆ ತಿನ್ನುವವರಲ್ಲ. ಇದನ್ನು ಸರಿಯಾಗಿ ತಿಳಿಯಬೇಕಾದರೆ ಅವರ ಜೊತೆ ಒಮ್ಮೆ ಸಿಡ್ನಿಯಿಂದ ಮೆಲ್ಬರ್ನ್‌ಗೆ ಕಾರಿನಲ್ಲಿ ಹೋಗಬೇಕು. ದಾರಿಯ ಟೇಕ್‌ಅವೇ ಅಂಗಡಿಗೆ ನಾವೆಲ್ಲ ನುಗ್ಗಿದರೆ ಅವರು ಹೊರಗಿನ ಮರದ ಬೆಂಚಿನಲ್ಲಿ ಸ್ಟೀಲ್ ಡಬ್ಬಿ ಬಿಚ್ಚಿ ಪುಳಿಯೋಗರೆ ತಿನ್ನುತ್ತಾರೆ. ಮೈಸೂರಿನಲ್ಲಿದ್ದಾಗಲೂ ಹಾಗೆಯೇ ಇದ್ದರಂತೆ. ಮದುವೆಮನೆಗೆ ಹೋದರೂ ಅಡುಗೆಯವರು ಯಾರೆಂದು ವಿಚಾರಿಸಿಯೇ ಎಲೆಯ ಮುಂದೆ ಕೂರುತ್ತಿದ್ದರು. ಜಂಬ ಇಲ್ಲ, ಗೊಣಗಾಟ ಇಲ್ಲ, ನೀವು ತಿನ್ನಿ ಎನ್ನುತ್ತಾರೆ ಅಷ್ಟೇ. ಆ ಅಷ್ಟೇ ಎನ್ನುವುದಕ್ಕೆ ನನಗೆ ಕೆಲವೊಮ್ಮೆ ಸಿಟ್ಟು ಬರುತ್ತದೆ.

ಇಂಥವರು ಜೀವನದಲ್ಲಿ ಒಂದೇ ಒಂದು ಸಲ ಹೊರಗಿನ ತಿಂಡಿಯನ್ನು ಆಸೆಪಟ್ಟು ತಿಂದದ್ದು ಬ್ರೂಜ್‌ನಲ್ಲಿ. ನಾಲ್ಕು ವರ್ಷದ ಹಿಂದೆ ಮನೋಜ್ ಕಂಪನಿ ಕೆಲಸದ ಮೇಲೆ ಬ್ರಸೆಲ್ಸ್‌ನಲ್ಲಿದ್ದಾಗ ಅಪ್ಪ ಅಮ್ಮನನ್ನು ಕರೆಸಿಕೊಂಡು ಮೂರು ದಿನ ಆ ಊರಿಗೆ ಕರೆದೊಯ್ದಿದ್ದ. ಕರೆದೊಯ್ದ ಎನ್ನುವುದು ಅವನ ಮಾತು. ಅವನು ಹೋಟೆಲ್ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ, ಊರು ಸುತ್ತಿದ್ದು ಇವರಿಬ್ಬರೇ. ಕಾಲುವೆಯ ಪಕ್ಕದ ಓಣಿಯಲ್ಲಿ ಒಂದು ಗಾಡಿ, ಕಾಗದದ ಪೊಟ್ಟಣದಲ್ಲಿ ಬೆರಳಿನಷ್ಟು ದಪ್ಪಗೆ ಹೆಚ್ಚಿ ಕರಿದ ಬಿಸಿ ಬಿಸಿ ಆಲೂಗಡ್ಡೆ ಚಿಪ್ಸ್, ಚುಚ್ಚಿ ತಿನ್ನಲು ಪುಟ್ಟ ಮರದ ಫೋರ್ಕ್. ಮೇಲೆ ಸುರಿಯುವ ಬಿಳಿ ಸಾಸಿನಲ್ಲಿ ಮೊಟ್ಟೆ ಇದೆಯೇ ಎಂದು ಮಾವ ಗೋಪೀನಾಥರು ಗಾಡಿಯವನನ್ನು ಎರಡೆರಡು ಸಲ ಕೇಳಿ, ಇದೆ ಎಂದಾಗ ಅದನ್ನು ಬೇಡವೆಂದು, ಬರೀ ಉಪ್ಪು ಹಾಕಿಸಿಕೊಂಡರಂತೆ. ಕಾಲುವೆಯ ಬೆಂಚಿನಲ್ಲಿ ಕೂತು ಇಬ್ಬರೂ ತಿಂದರಂತೆ.

ಈ ‘ಅಂತೆ’ಗಳನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಯಾರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೂ, ಯಾರು ನಮ್ಮ ಮನೆಗೆ ಬಂದರೂ ಅತ್ತೆ ಬ್ರೂಜ್ ಚಿಪ್ಸಿನ ಕತೆ ತೆಗೆಯುತ್ತಿದ್ದರು. ಮಾವ ಪಕ್ಕದಲ್ಲಿದ್ದರಂತೂ ಕಡ್ಡಾಯ. ‘ಅಲ್ವೇನ್ರೀ?’ ಎಂದು ಅವರ ಕಡೆ ತಿರುಗುತ್ತಿದ್ದರು. ಮಾವ ಹೂಂಗುಟ್ಟಿ ಎದ್ದು ನೀರು ಕುಡಿಯಲು ಹೋಗುತ್ತಿದ್ದರು. ಕೇಳಿ ಕೇಳಿ ಬೇಸತ್ತಿರಬೇಕು ಎಂದುಕೊಂಡಿದ್ದೆ. ನಾನಂತೂ ಬೇಸತ್ತಿದ್ದೆ.

ಮಾವ ಹೋದ ವರ್ಷ ತೀರಿಕೊಂಡರು. ವರ್ಷಾಬ್ದಿಕ ಮುಗಿದ ಮೇಲೆ ಎಲ್ಲಿಗಾದರೂ ಹೋಗಿಬರೋಣ, ಎಲ್ಲಿಗೆ ಹೇಳು ಎಂದು ಮಕ್ಕಳಿಬ್ಬರೂ ಕೇಳಿದಾಗ ಅತ್ತೆ ಕಾಶಿ ಎನ್ನಲಿಲ್ಲ. ಬ್ರೂಜ್ ಎಂದರು. ಆ ಗಾಡಿಯ ಹತ್ತಿರ ಇನ್ನೊಂದು ಸಲ ಹೋಗಬೇಕು ಎಂದರು.

ಮಾರ್ಚ್ ತಿಂಗಳಲ್ಲಿ ಒಂದು ಮಧ್ಯಾಹ್ನ ನಾನು ಆಫೀಸಿನಲ್ಲಿದ್ದಾಗ ಕೃಪಾ ಫೋನ್ ಮಾಡಿದಳು. ಬ್ರೂಜ್‌ನಲ್ಲಿ ವೆಜಿಟೇರಿಯನ್ ಎಲ್ಲಿ ಸಿಗುತ್ತದೆಂದು ಹುಡುಕುತ್ತ ಓದುತ್ತ ಹೋದವಳಿಗೆ ಆ ದೇಶದ ಚಿಪ್ಸಿನ ರುಚಿಯ ಗುಟ್ಟು ಸಿಕ್ಕಿತ್ತು. ಹಳೆಯ ಪದ್ಧತಿಯವರು ಅದನ್ನು ಎಣ್ಣೆಯಲ್ಲಲ್ಲ, ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಅತ್ತೆ ವರ್ಣಿಸುವ ಓಣಿಯ ಗಾಡಿಯ ಫೋಟೋ ಕೂಡ ಸಿಕ್ಕಿತಂತೆ, ಗಾಡಿಯವರು ಅದನ್ನೇ ಹೆಮ್ಮೆಯಿಂದ ಬೋರ್ಡಿನಲ್ಲಿ ಬರೆದುಕೊಂಡಿದ್ದಾರೆ. ಸಾಸಿನಲ್ಲಿ ಮೊಟ್ಟೆ ಹುಡುಕಿದವರಿಗೆ ಬಾಣಲೆಯೊಳಗೆ ಏನಿದೆ ಎಂದು ಕೇಳಲು ತೋಚಿರಲಿಲ್ಲ. ನಮ್ಮವರೇ ಹಾಗೆ, ಆಲೂಗಡ್ಡೆ ಎಂದ ಮೇಲೆ ಅದು ಆಲೂಗಡ್ಡೆಯೇ.

ಗ್ರೂಪಿನಲ್ಲಿ ಚರ್ಚೆ ಶುರುವಾಯಿತು. ನನಗೆ ಕೆಡುಕೆನಿಸಿತ್ತು, ಸುಳ್ಳು ಹೇಳುವುದಿಲ್ಲ. ದನದ ಕೊಬ್ಬಿಗಲ್ಲ. ಆ ಹೆಂಗಸಿನ ಬಳಿ ಗಂಡನದೆಂದು ಇದ್ದ ಖುಷಿಯ ನೆನಪು ಅದೊಂದೇ, ಅದೇ ಹೀಗಾಯಿತಲ್ಲ ಎಂದು. ಆದರೂ ಹೇಳಿಬಿಡೋಣ, ಅವರದು ಅವರ ಬಾಯಿ, ಏನು ಮಾಡಬೇಕೆಂದು ಅವರೇ ನೋಡಿಕೊಳ್ಳಲಿ ಎಂದು ನಾನು ಬರೆದೆ. ಅಮ್ಮ ಕುಸಿದುಹೋಗ್ತಾಳೆ, ಉಪವಾಸ ಕೂರ್ತಾಳೆ ಎಂದು ಅಭಿನವ ಬರೆದ. ನನ್ನ ಪಕ್ಕದ ಸೋಫಾದಲ್ಲೇ ಕೂತು ಬರೆದ. ಮನೋಜ್ ಊರಿನ ಇನ್ನೊಂದು ತುದಿಯಲ್ಲಿ ಕಡಲೆಕಾಯಿ ಎಣ್ಣೆಯಲ್ಲಿ ಕರಿಯುವ ಅಂಗಡಿಯೊಂದನ್ನು ಹುಡುಕಿ ತೆಗೆದ. ಹಳೆಯ ಗಾಡಿ ಮುಚ್ಚಿದೆ ಎನ್ನುವುದು, ಇಲ್ಲಿಗೆ ಕರೆದೊಯ್ಯುವುದು. ಮೂವರು ಹೆಬ್ಬೆರಳು ಎತ್ತಿದರು. ನಾನು ಫೋನ್ ಮಗುಚಿಟ್ಟು ಅನ್ನಕ್ಕಿಡಲು ಎದ್ದೆ.

ಈಸ್ಟರ್ ರಜೆಗೆ ಬಾಕ್ಸ್ ಹಿಲ್‌ಗೆ ಹೋದೆವು. ದಾರಿಯಲ್ಲಿ ಎಂದಿನ ಡಬ್ಬಿ, ಎಂದಿನ ಪುಳಿಯೋಗರೆ. ನನ್ನ ಮಗಳು ಸಾನ್ವಿ ಅಜ್ಜಿಯ ಪಕ್ಕ ಕೂತು ತನ್ನ ಚಿಪ್ಸ್ ಪೊಟ್ಟಣ ಮುಂದೆ ಹಿಡಿದು ಇಂಗ್ಲಿಷಿನಲ್ಲಿ ಬೇಕಾ ಎಂದು ಕೇಳಿದಳು. ಅತ್ತೆ ಅವಳ ತಲೆ ಸವರಿ ಕನ್ನಡದಲ್ಲಿ ಬೇಡ ಎಂದರು.

ಮರುದಿನ ತಿಂಡಿಯಾದ ಮೇಲೆ ಮನೋಜ್ ತನ್ನ ಪ್ಲಾನನ್ನು ಟಿವಿಯ ಮೇಲೆ ಹಾಕಿದ. ಇಂಥ ದಿನ ಮಧ್ಯಾಹ್ನ ಗುಜರಾತಿಯೊಬ್ಬರ ಹೋಟೆಲು, ರಾತ್ರಿಗೆ ರೂಮಿನಲ್ಲೇ ಕುಕ್ಕರ್. ಅತ್ತೆ ಮೊಣಕಾಲ ಮೇಲೆ ತಟ್ಟೆ ಇಟ್ಟುಕೊಂಡು ಹುರುಳಿಕಾಯಿ ನಾರು ತೆಗೆಯುತ್ತ ಕೇಳುತ್ತಿದ್ದರು. ಎರಡನೇ ದಿನದ ಸಂಜೆಗೆ ಬಂದಾಗ ಅವನು ಗಂಟಲು ಸರಿಮಾಡಿಕೊಂಡು, ಆ ಹಳೇ ಗಾಡಿ ಮುಚ್ಚಿಹೋಗಿದೆ ಅಮ್ಮ, ಅದೇ ಥರದ್ದು ಇನ್ನೊಂದು ನೋಡಿದ್ದೇನೆ ಎಂದ. ಆಫೀಸಿನ ಮೀಟಿಂಗಿನಲ್ಲಿ ಮಾತಾಡುವ ದನಿ.

ಅತ್ತೆಯ ಕೈ ನಿಂತಿತು. ‘ಮುಚ್ಚಿದ್ರಾ?’ ಎಂದರು. ಅವರ ಮುಖ ನೋಡಿದೆ. ಆಸೆಯ ತಿಂಡಿ ತಪ್ಪಿತೆಂಬ ಬೇಸರ ಅದಾಗಿರಲಿಲ್ಲ. ದೂರದಿಂದ ಬಂದು ಬಾಗಿಲು ತಟ್ಟಿ, ಮನೆಯವರು ಊರು ಬಿಟ್ಟರೆಂದು ಕೇಳಿದವರ ಮುಖ. ನನಗೆ ತಡೆಯಲಾಗಲಿಲ್ಲ.

‘ಮುಚ್ಚಿಲ್ಲ ಅಮ್ಮ. ಅಲ್ಲಿ ದನದ ಕೊಬ್ಬಲ್ಲಿ ಕರೀತಾರೆ. ಅದಕ್ಕೇ ಇವರು ಬೇರೆ ಕಡೆ ಹುಡುಕಿದ್ದಾರೆ.’

ಅಭಿನವ ನನ್ನನ್ನು ನೋಡಿದ ನೋಟಕ್ಕೆ ಸಿಡ್ನಿಗೆ ಒಬ್ಬಳೇ ರೈಲು ಹತ್ತಬೇಕಾಗುತ್ತದೆ ಅನ್ನಿಸಿತು. ಕೃಪಾ ಟಿವಿ ಆರಿಸಿದಳು. ಅತ್ತೆ ಇನ್ನೊಂದು ಹುರುಳಿಕಾಯಿ ತೆಗೆದುಕೊಂಡು ತುದಿ ಮುರಿದು ನಾರು ಎಳೆದರು.

‘ಗೊತ್ತು,’ ಎಂದರು.

ಆಮೇಲೆ ಅವರೇ ನಿಧಾನವಾಗಿ ಹೇಳಿದರು. ಬ್ರೂಜ್‌ನಲ್ಲಿ ಮೊದಲ ಎರಡು ದಿನ ಇಬ್ಬರೂ ತಿಂದದ್ದು ನಿಜ. ಮೂರನೆಯ ದಿನ ಇವರು ಬೆಂಚಿನಲ್ಲಿ ಕೂತಿದ್ದರು, ಮಾವ ತರಲು ಹೋಗಿದ್ದರು. ಗಾಡಿಯವನು ಇಟ್ಟಿಗೆಯಂಥ ಬಿಳಿ ಗಡ್ಡೆಯೊಂದನ್ನು ಬಾಣಲೆಗೆ ಇಳಿಸಿದ. ಮಾವ ಏನೋ ಕೇಳಿದರು. ಅವನು ನಗುತ್ತ ಎರಡು ಬೆರಳನ್ನು ತಲೆಯ ಮೇಲಿಟ್ಟು ಕೊಂಬು ತೋರಿಸಿದ. ಏನೋ ತಮಾಷೆ ಎಂದುಕೊಂಡರು ಅತ್ತೆ. ಮಾವ ಅಲ್ಲೇ ಸ್ವಲ್ಪ ಹೊತ್ತು ನಿಂತು, ಒಂದೇ ಪೊಟ್ಟಣ ಹಿಡಿದು ಬಂದರು. ನನಗೆ ಹೊಟ್ಟೆ ಸರಿಯಿಲ್ಲ, ನೀನು ತಿನ್ನು ಎಂದರು. ಅತ್ತೆ ತಿಂದರು. ಮಾವ ಪಕ್ಕದಲ್ಲಿ ಕೂತು ನೋಡುತ್ತಿದ್ದರು.

‘ವಾಪಸ್ ಬಂದ ವಾರ ಸುಘೋಷನ್ನ ಕರೆಸಿ ಪುಣ್ಯಾಹ ಮಾಡಿಸಿದ್ರಲ್ಲ, ನೆನಪಿದೆಯೇನೇ?’ ಎಂದು ನನ್ನನ್ನು ಕೇಳಿದರು.

ನೆನಪಿತ್ತು. ಸುಘೋಷ್ ವಾರವಿಡೀ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಶನಿವಾರ ಪೌರೋಹಿತ್ಯ ಮಾಡುವವರು. ಹಾಲು, ಮೊಸರು, ತುಪ್ಪದ ಜೊತೆ ಗೋಮೂತ್ರ, ಗೋಮಯ ಬೆರೆಸಿದ ಪಂಚಗವ್ಯವನ್ನು ಮಾವ ತಾವೂ ಕುಡಿದು ಅತ್ತೆಗೂ ಕುಡಿಸಿದ್ದರು. ಶುದ್ಧಿಗೆ, ಸಮುದ್ರ ದಾಟಿದ್ದೇವಲ್ಲ ಎಂದಿದ್ದರು. ನಾನು ಮೂಗು ಮುರಿದು ಅಡುಗೆಮನೆಗೆ ಹೋಗಿದ್ದೆ.

‘ಸಿಡ್ನಿಗೆ ಬಂದಾಗಲೂ ಸಮುದ್ರ ದಾಟಿದ್ವಿ. ಆಗೇನೂ ಕುಡಿಸಿರ್ಲಿಲ್ಲ. ಆ ಲೋಟ ಕೈಗೆ ಬಂದಾಗ ಗಾಡಿಯವನ ಕೊಂಬು ಜ್ಞಾಪಕ ಬಂತು ನಂಗೆ.’

ಅಪ್ಪನನ್ನು ಕೇಳಲಿಲ್ಲವೇ ಎಂದ ಮನೋಜ್. ಅವನ ಮೀಟಿಂಗಿನ ದನಿ ಎಲ್ಲೋ ಹೋಗಿತ್ತು.

‘ನಾನ್ಯಾಕೆ ಕೇಳ್ಲಿ? ಅವರೇ ಹೇಳ್ಲಿ ಅಂತ ಇದ್ದೆ. ಕಂಡಕಂಡವರ ಮುಂದೆ ಚಿಪ್ಸ್ ಕತೆ ಎತ್ತುತ್ತಿದ್ದೆನಲ್ಲ, ಯಾಕಂದ್ಕೊಂಡ್ರಿ? ಪ್ರತಿ ಸಲ ಅವರ ಮುಖ ನೋಡ್ತಿದ್ದೆ. ಈಗ ಹೇಳ್ತಾರೆ, ಇವತ್ತು ಹೇಳ್ತಾರೆ ಅಂತ. ಎದ್ದು ನೀರು ಕುಡಿಯೋಕೆ ಹೋಗ್ತಿದ್ರು.’

ಆ ಕತೆಗೆ ನಾನೆಷ್ಟು ಸಲ ಆಕಳಿಸಿದ್ದೆ. ಅಭಿನವ ತಾಯಿಯ ಕಾಲ ಬಳಿ ನೆಲದ ಮೇಲೆ ಕೂತ. ನಿನ್ನ ಖುಷಿ ಕೆಡಿಸಬಾರದು ಅಂತ ಅಪ್ಪ ಸುಮ್ಮನಿದ್ದಿರಬೇಕು, ಪ್ರೀತಿಗೇ ಇರಬೇಕು ಎಂದ.

‘ಇರಬಹುದು,’ ಎಂದರು ಅತ್ತೆ. ‘ಪ್ರೀತಿಗೆ ಕೊಟ್ರೋ, ಹೇಳೋಕೆ ಧೈರ್ಯ ಸಾಲದೆ ಕೊಟ್ರೋ. ತಾವು ಮಾತ್ರ ತಿನ್ಲಿಲ್ಲ ನೋಡು. ನನ್ನನ್ನ ಒಂದು ಮಾತು ಕೇಳ್ಲಿಲ್ಲ. ಈಗ ನೀವೂ ಕೇಳ್ತಾ ಇಲ್ಲ.’

ಕೃಪಾ ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಲ್ಲಿಸಿದಳು. ಮನೋಜ್ ರಿಮೋಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಿದ್ದ. ಯಾರೂ ಕೇಳುವ ಹಾಗೆ ಕಾಣಲಿಲ್ಲ, ನಾನೇ ಕೇಳಿದೆ.

‘ಬ್ರೂಜ್‌ನಲ್ಲಿ ಎಲ್ಲಿ ತಿನ್ನೋಣ ಅಮ್ಮ?’

ಅತ್ತೆ ತಟ್ಟೆಯನ್ನು ಪಕ್ಕಕ್ಕಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. ಅಲ್ಲಿಗೇ ಹೋಗೋಣ, ಆ ಗಾಡಿಗೇ ಎಂದರು. ನೀವೆಲ್ಲ ತಿನ್ನಿ, ನೀವು ಏನು ತಿನ್ನುತ್ತೀರೆಂದು ನನಗೇನು ಗೊತ್ತಿಲ್ಲವೇ ಎಂದು ನನ್ನ ಕಡೆ ನೋಡಿ ಕೊಂಚ ನಕ್ಕರು. ತಮಗೆ ಡಬ್ಬಿಯಲ್ಲಿ ಅವಲಕ್ಕಿ ಸಾಕು ಎಂದರು.

‘ಮತ್ತೆ ಅಷ್ಟು ದೂರ ಯಾಕಮ್ಮ?’ ಎಂದ ಮನೋಜ್.

‘ಸಾನ್ವಿಗೆ ಒಂದು ಪೊಟ್ಟಣ ಕೊಡಿಸಿ, ಆ ಬೆಂಚಲ್ಲಿ ನಾನು ಕೂತಿದ್ದ ಕಡೆ ಕೂರಿಸ್ತೀನಿ. ನಾನು ಅವರು ಕೂತಿದ್ದ ಕಡೆ ಕೂರ್ತೀನಿ. ಅವಳು ತಿನ್ನೋದನ್ನ ನೋಡ್ತೀನಿ. ಅವರಿಗೆ ನಂಗೆ ಹೇಳೋಕೆ ಬಾಯಿ ಯಾಕೆ ಬರಲಿಲ್ಲ ಅಂತ ಅಲ್ಲಿಂದ ನೋಡಿದ್ರೆ ಗೊತ್ತಾಗುತ್ತೇನೋ.’